ಮುಖ ತೋರದ ಚೌಕ

ಕಸರತ್ತು ಕಲಿಸುವವಳಿಗೆ ಮಗಳ ಕುತ್ತಿಗೆಯ ಎಕ್ಸ್‌ರೇ ಯಾಕೆ ಬೇಕು ಎಂಬುದೇ ಪರಸವ್ವನಿಗೆ ಬಂದ ಮೊದಲ ಸಂಶಯ.

"ಕೈಕಾಲಿಗೆ ಬಲ ಬರಸ್ತೀನಿ ಅಂತಾಳ, ಕುತಿಗಿ ಫೋಟೊ ಕೇಳ್ತಾಳ. ಎಕ್ಸ್‌ರೇ ತೆಗಿಯಾವ್ರ ಕೂಡ ಏನರೆ ಒಳಗೊಳಗ ಇರಬೇಕ ಅಕಿದು," ಎಂದಳು ಫೋನಿನಲ್ಲಿ ಕಿರಿಯ ಮಗಳು ಸಪ್ನಾಳಿಗೆ.

ಸಪ್ನಾ ವಿಜಯಪುರದ ಒಂದು ವಿಮಾ ಕಚೇರಿಯಲ್ಲಿ ಕೆಲಸಕ್ಕಿದ್ದಳು. ಟಿಕೋಟಾದಲ್ಲಿ ತಾಯಿಯ ಜೊತೆಗಿದ್ದ ಅಕ್ಕ ಆಮ್ರಪಾಲಿಗೆ ಈ ಆನ್‌ಲೈನ್ ಕ್ಲಾಸು ಹುಡುಕಿದವಳೂ ಅವಳೇ. ಆಮ್ರಪಾಲಿಗೆ ಹುಟ್ಟಿನಿಂದಲೇ ಡೌನ್ ಸಿಂಡ್ರೋಮ್. ವಯಸ್ಸು ಇಪ್ಪತ್ತಾರು, ಮಾತು ತುಸು ತೊದಲು, ನಗು ಜೋರು, ಹಟ ಅದಕ್ಕಿಂತ ಜೋರು. ಈಚೆಗೆ ಮೈ ಭಾರವಾಗಿ, ನೆಲಕ್ಕೆ ಕೂತರೆ ಯಾರಾದರೂ ಕೈ ಕೊಟ್ಟು ಎಬ್ಬಿಸಬೇಕಾಗುತ್ತಿತ್ತು.

"ಯವ್ವಾ, ಇಂಥಾವ್ರದು ಕುತಿಗಿ ಕೀಲು ಸಡ್ಲ ಇರಬೌದಂತ. ನೋಡದ ವಜ್ಜಿ ಎತ್ತಿಸಿದ್ರ ಅಪಾಯ. ಡಾಕ್ಟ್ರು ಹೂಂ ಅನ್ನೂ ಮಟ ಶುರು ಮಾಡೂದಿಲ್ಲ ಅಂದಾರ ಶಮಾ ಮೇಡಂ."

"ಛಲೋ ಮಾತಾಡಾಕ ಬಂದ ಕೂಡ್ಲೇ ಛಲೋ ಮಂದಿ ಆಗತಾರೇನ?"

ಪರಸವ್ವ ಸುಮ್ಮನೆ ಆಡಿದ ಮಾತಲ್ಲ ಅದು. ಹಿಂದೊಮ್ಮೆ ಯಾವುದೋ ಸಂಸ್ಥೆಯವರೆಂದು ಹೇಳಿಕೊಂಡು ಇಬ್ಬರು ಬಂದು, ಆಮ್ರಪಾಲಿಯನ್ನು ಕೂರಿಸಿ ನಿಲ್ಲಿಸಿ ಫೋಟೊ ತೆಗೆದುಕೊಂಡು ಹೋಗಿದ್ದರು. ಆಮೇಲೆ ಅದೇ ಫೋಟೊ, ಅನಾಥೆ ಎಂಬ ಬರಹದ ಸಮೇತ, ಊರವರ ಮೊಬೈಲುಗಳಲ್ಲಿ ಓಡಾಡಿತು. "ನಿಮ್ಮ ಹುಡುಗಿಗೆ ಅವ್ವ ಅಪ್ಪ ಇಲ್ಲಂತಲ್ಲ" ಎಂದು, ಪರಸವ್ವ ಬಿಸಿಯೂಟದ ಅಡುಗೆ ಮಾಡುತ್ತಿದ್ದ ಶಾಲೆಯ ಹೆಂಗಸರು ನಕ್ಕಿದ್ದರು. ಅಂದಿನಿಂದ ಅವಳಿಗೆ ಕ್ಯಾಮೆರಾ ಅಂದರೆ ಆಗದು.

ಆದರೂ ವಿಜಯಪುರಕ್ಕೆ ಹೋದಳು. ಗೋಳಗುಮ್ಮಟದ ಹತ್ತಿರದ ಆಸ್ಪತ್ರೆಯಲ್ಲಿ ಎಕ್ಸ್‌ರೇ ಆಯಿತು. ಕುತ್ತಿಗೆಗೆ ಏನೂ ತೊಂದರೆಯಿಲ್ಲ, ಮಾಡಿಸಿರಿ ಎಂದರು ಡಾಕ್ಟರು. ಹೊರಬರುವಾಗ ಪರಸವ್ವ ಎಕ್ಸ್‌ರೇ ತೆಗೆದವನನ್ನು ಕೇಳಿಯೇಬಿಟ್ಟಳು: "ಶಮಾ ಅನ್ನಾಕಿ ಗೊತ್ತೇನ್ರಿ ನಿಮಗ?"

"ಯಾವ ಶಮಾ?" ಎಂದ ಅವನು.

ಗೊತ್ತಿದ್ದವರೇ ಹಾಗೆ ಕೇಳುವುದು ಎಂದುಕೊಂಡಳು ಪರಸವ್ವ.

ಕ್ಲಾಸು ಶುರುವಾಯಿತು. ಮೊದಲ ಸಂಜೆ ಪರಸವ್ವ ಹಳೇ ಸೀರೆಯೊಂದನ್ನು ಗೋಡೆಗೆ ಕಟ್ಟಿ ಮನೆಯ ಒಳಗು ಕಾಣದಂತೆ ಮಾಡಿದಳು. ಸೆಖೆಯಲ್ಲೂ ಮಗಳಿಗೆ ತುಂಬುತೋಳಿನ ಸ್ವೆಟರು ಹಾಕಿಸಿದಳು. ಫೋನು ಸ್ಟೂಲಿನ ಮೇಲೆ, ಪರಸವ್ವ ಫೋನಿನ ಪಕ್ಕದಲ್ಲಿ.

ಶಮಾ ತೆರೆಯ ಮೇಲೆ ಬಂದಳು. ಮೂವತ್ತರ ಆಸುಪಾಸಿನವಳು, ದನಿ ಮೆದು, ಮಾತು ಖಡಾಖಡಿ. ಕುರ್ಚಿಯಿಂದ ಕೈಯೂರದೆ ಏಳುವುದು, ಗೋಡೆಗೆ ಅಂಗೈ ಕೊಟ್ಟು ತಳ್ಳುವುದು, ಮರಳು ತುಂಬಿದ ನೀರಿನ ಬಾಟಲಿ ಎತ್ತುವುದು, ಇವೇ ಅವಳ ಕಸರತ್ತು.

"ಆಮ್ರಪಾಲಿ, ಮೊಣಕಾಲ ಒಳಗ ಬರಬಾರದು. ಹೊರಗ. ಉಸಿರ ಹಿಡೀಬ್ಯಾಡ, ಬಿಡು. ಶಾಬ್ಬಾಸ್!"

ಶಾಬ್ಬಾಸ್ ಅನ್ನಿಸಿಕೊಳ್ಳಲು ಆಮ್ರಪಾಲಿ ಬೆವರು ಇಳಿಯುವ ತನಕ ಏಳುತ್ತಿದ್ದಳು, ಕೂರುತ್ತಿದ್ದಳು. ಕೆಲವು ವಾರಗಳಲ್ಲಿ ಸ್ವೆಟರು ಬಿಸಾಕಿದಳು. ಒಂದು ದಿನ ನೆಲದಿಂದ ತಾನೇ ಎದ್ದು ನಿಂತು, ತಾಯಿ ಚಾಚಿದ ಕೈಯನ್ನು ಆಚೆ ಸರಿಸಿದಳು. ಪರಸವ್ವನ ಕಣ್ಣು ತುಂಬಿತು. ಆದರೆ ಆ ಕಣ್ಣು ತೆರೆಯನ್ನು ಬಿಟ್ಟು ಕದಲುತ್ತಿರಲಿಲ್ಲ.

ತೆರೆಯ ಮೇಲೆ ಹುಬ್ಬಳ್ಳಿಯ ಹುಡುಗಿ, ಕಲಬುರಗಿಯ ಒಬ್ಬ, ಧಾರವಾಡದ ಇಬ್ಬರು, ಎಲ್ಲರೂ ಆಮ್ರಪಾಲಿಯಂಥವರೇ, ತಮ್ಮ ತಮ್ಮ ಚೌಕದಲ್ಲಿ ಕಾಣುತ್ತಿದ್ದರು. ಒಂದು ಚೌಕ ಮಾತ್ರ ಯಾವಾಗಲೂ ಕಪ್ಪು. ಮುಖವಿಲ್ಲ, ದನಿಯಿಲ್ಲ, 'ಎಸ್' ಎಂಬ ಒಂದೇ ಅಕ್ಷರ. ಶಮಾ ಆ ಕತ್ತಲಿಗೂ ಹೇಳುತ್ತಿದ್ದಳು: "ನೀವು ಕುಂತಲ್ಲೇ ಮಾಡ್ರಿ. ಹಾಂ, ಹಂಗ. ಛಲೋ ಆತು."

ಕಾಣದೆ ಇದ್ದರೆ ಛಲೋ ಆಯಿತೆಂದು ಇವಳಿಗೆ ಹೇಗೆ ಗೊತ್ತು? ಆ ಯೋಚನೆ ಒಮ್ಮೆ ಹೊಕ್ಕ ಮೇಲೆ ಪರಸವ್ವನಿಗೆ ಬೇರೇನೂ ಕಾಣದಾಯಿತು. ಯಾವನೋ ಕತ್ತಲಲ್ಲಿ ಕೂತು ತನ್ನ ಮಗಳು ಬಗ್ಗುವುದನ್ನೂ ಏಳುವುದನ್ನೂ ನೋಡುತ್ತಿದ್ದಾನೆ. ಇವಳಿಗೆ ಅವನು ಗೊತ್ತಿದ್ದಾನೆ. ಇಬ್ಬರೂ ಸೇರಿ ಏನೋ ನಡೆಸಿದ್ದಾರೆ.

ಶಮಾಳಿಗೆ ಫೋನು ಹಚ್ಚಿ ನೇರವಾಗಿ ಕೇಳಿದಳು.

"ಅವ್ರೂ ನಿಮ್ಮ ಮಗಳ ಹಂಗ ಕಲಿಯಾವ್ರೇ ಅಕ್ಕಾರ. ಬ್ಯಾರೆ ಫೋನಿನ್ಯಾಗ ನನಗ ಒಬ್ಬಾಕಿಗೇ ಕಾಣ್ತಾರ. ಮನಿಯವ್ರು ಉಳಿದವ್ರಿಗೆ ಮುಖ ತೋರಸ್ಬ್ಯಾಡ್ರಿ ಅಂದಾರ. ಹೆಸರ ನಾ ಹೇಳಾಕ ಬರೂದಿಲ್ಲ."

"ನನ್ನ ಮಗಳ ಮುಖ ಅವ್ರು ನೋಡಬೌದು, ಅವ್ರ ಮುಖ ನಾವು ನೋಡಬಾರದು?"

"ನೀವು ಕೇಳೂದು ಖರೇ ಐತ್ರಿ. ಮೊದಲ ನಿಮ್ಮನ್ನ ಕೇಳಬೇಕಿತ್ತು ನಾ," ಎಂದಳು ಶಮಾ.

ತಪ್ಪು ಒಪ್ಪಿಕೊಂಡಳೆಂದರೆ ತಪ್ಪು ಇದೆಯೆಂದೇ ಆಯಿತಲ್ಲ! ಪರಸವ್ವ ಕ್ಲಾಸು ಬಿಡಿಸಿದಳು.

ಮರುದಿನ ಸಂಜೆ ಆಮ್ರಪಾಲಿ ತಾನೇ ಕುರ್ಚಿ ಎಳೆದುಕೊಂಡು, ಫೋನಿಲ್ಲದ ಸ್ಟೂಲಿನ ಮುಂದೆ ಹಾಕಿ, ಏಳುವುದು ಕೂರುವುದು ಶುರುಮಾಡಿದಳು. ತಾಯಿಯ ಕಡೆ ಬೆನ್ನು. ರೊಟ್ಟಿ ಮುಟ್ಟಲಿಲ್ಲ. "ನೀ ಕೆಟ್ಟಾಕಿ ಅದೀ" ಎಂದಳು, ಗೋಡೆ ನೋಡುತ್ತಲೇ.

ವಾರ ಕಳೆಯುವ ಮೊದಲೇ ಗುರುತಿಲ್ಲದ ನಂಬರಿನಿಂದ ಕರೆ ಬಂತು.

"ನಾ ಶೈಲಾ ಅಂತ್ರಿ, ಬಬಲೇಶ್ವರದಾಕಿ. ಆ ಕರೀ ಚೌಕ ನಮ್ದು. ನಂಬಕಿ ಬರಲಿಲ್ಲಂದ್ರ ಬಂದು ನೋಡಿ ಹೋಗ್ರಿ. ನಮ್ಮ ಸಲುವಾಗಿ ನಿಮ್ಮ ಹುಡುಗಿ ಕ್ಲಾಸ್ ಬಿಡಬಾರದು."

"ನನ್ನ ನಂಬರ ಯಾರ ಕೊಟ್ರು?"

"ನಿಮ್ಮ ಸಪ್ನಾ, ಶಮಾ ಮೇಡಂ ಕೇಳಿದ್ದಕ್ಕ."

ಸಪ್ನಾಳನ್ನು ಬಾಯಿಗೆ ಬಂದಂತೆ ಬೈದಳು. ಆದರೆ ನೋಡದೆ ಇದ್ದರೆ ಜೀವಕ್ಕೆ ಸಮಾಧಾನವೂ ಇರಲಿಲ್ಲ. ಪಕ್ಕದ ಮನೆಯ ಗುರುಸಿದ್ದವ್ವನಿಗೆ, "ಸಂಜೀ ಒಳಗ ಬರಲಿಲ್ಲಂದ್ರ ಸಪ್ನಾಗ ಫೋನ್ ಮಾಡು" ಎಂದು ಹೇಳಿಟ್ಟು, ಮನೆಯಲ್ಲಿ ಉಳಿಯಲೊಲ್ಲೆನೆಂದ ಆಮ್ರಪಾಲಿಯನ್ನೂ ಕರೆದುಕೊಂಡು ಜೀಪು ಹತ್ತಿದಳು.

ಬಬಲೇಶ್ವರದ ಬಸ್‌ಸ್ಟ್ಯಾಂಡಿನಲ್ಲಿ ಕಾದಿದ್ದ ಶೈಲಾ ತಲೆಯ ಮೇಲೆ ಸೆರಗು ಹೊದ್ದ ತೆಳ್ಳನೆಯ ಹೆಂಗಸು. ಬೀಜ ಗೊಬ್ಬರದ ಅಂಗಡಿಯೊಂದನ್ನು ದಾಟಿ, ಅದರ ಹಿಂದಿನ ಸಂದಿಗೆ ತಿರುಗಿದಳು. ಪರಸವ್ವ ಅಲ್ಲೇ ನಿಂತಳು.

"ಮುಂದ ಬಾಗಲಾ ಇಲ್ಲೇನ ನಿಮ್ಮ ಮನಿಗಿ?"

"ಐತ್ರಿ. ಅಲ್ಲಿ ನಮ್ಮತ್ತಿ ಕುಂತಾರ. ಅವ್ರಿಗೆ ಇದು ಗೊತ್ತಿಲ್ಲ."

ಪರಸವ್ವ ಮಗಳ ಕೈಯನ್ನು ಬಿಗಿಯಾಗಿ ಹಿಡಿದು ಹಿಂದೆ ನಡೆದಳು. ಗೋದಾಮಿಗೆ ಅಂಟಿಕೊಂಡ ಸಣ್ಣ ಕೋಣೆ. ಒಳಗೆ ಕಬ್ಬಿಣದ ಕುರ್ಚಿಯ ಮೇಲೆ, ಗಡ್ಡ ಅಲ್ಲಲ್ಲಿ ನರೆತ ಗಂಡಸೊಬ್ಬ ಕೂತಿದ್ದ. ಆಮ್ರಪಾಲಿಯದೇ ಕಣ್ಣು, ಆಮ್ರಪಾಲಿಯದೇ ಗಿಡ್ಡ ಬೆರಳು. ಬಾಗಿಲಲ್ಲಿ ನಿಂತವಳನ್ನು ನೋಡಿ ಅವನ ಮುಖ ಅರಳಿತು.

"ಆಮ್ರಪಾಲಿ! ಯಾಕ ಬರವಲ್ಲಿ ನೀ?"

ಹೆಸರು ಹಿಡಿದು ಕರೆದಿದ್ದ. ಪರಸವ್ವನ ಕೈ ತಾನಾಗಿ ಸಡಿಲವಾಯಿತು.

ಅವನು ಶೈಲಾಳ ಭಾವ ಸಂಗನಬಸವ. ಮನೆಯಲ್ಲಿ ಅವನ ತಂಗಿಯ ಮದುವೆಯ ಮಾತು ನಡೆದಿತ್ತು, ಇಂಥ ಅಣ್ಣನೊಬ್ಬನಿದ್ದಾನೆಂದು ಗಂಡಿನ ಕಡೆಯವರಿಗೆ ತಿಳಿಯಬಾರದೆಂದು ಅವನನ್ನು ಹೊರಗೆ ಬಿಡುತ್ತಿರಲಿಲ್ಲ. "ಎಕ್ಸ್‌ರೇಕ ಕರಕೊಂಡು ಹೋಗಾಕೂ ಆಗವಲ್ದು. ಅದು ಆಗೂ ಮಟ ಮೇಡಂ ಕುಂತ ಮಾಡೂದಷ್ಟ ಹೇಳಿಕೊಡ್ತಾರ," ಎಂದಳು ಶೈಲಾ.

ಅಷ್ಟರಲ್ಲಿ ಬಾಗಿಲು ದಬ್ಬಿಕೊಂಡು ಅತ್ತೆ ಲಕ್ಕವ್ವ ಬಂದೇಬಿಟ್ಟಳು. ಆಮ್ರಪಾಲಿಯನ್ನು ಕಂಡು ಗಕ್ಕನೆ ನಿಂತು, ಪರಸವ್ವನನ್ನು ಅಡಿಯಿಂದ ಮುಡಿಯ ತನಕ ನೋಡಿದಳು.

"ಯಾರಿವ್ರು? ಗಂಡಿನ ಕಡೆಯಿಂದ ನೋಡಾಕ ಕಳಿಸ್ಯಾರೇನ? ಯಾವ ಮಂದಿ ನೀವು?"

ಆ ಕೊನೆಯ ಪ್ರಶ್ನೆಗೆ ಏನು ಉತ್ತರ ಬೇಕೆಂದು ಪರಸವ್ವನಿಗೆ ಗೊತ್ತಿತ್ತು. "ಟಿಕೋಟಾದ ಮಂದಿ," ಎಂದಳು.

ಲಕ್ಕವ್ವ ಸೊಸೆಯ ಕಡೆ ತಿರುಗಿದಳು. "ನನಗೇನ ಕಣ್ಣಿಲ್ಲ ತಿಳದೀಯೇನ? ಎರಡ ರೊಟ್ಟಿ ತಿನ್ನಾಂವ ನಾಕ ತಿನ್ನಾಕತ್ತಾನ. ಅಂಗಿ ಬೆವತಿರತೈತಿ. ಏನ ಹಾಕಾಕತ್ತೀ ಅವನ ಅನ್ನದಾಗ?"

ಶೈಲಾ ಅಳತೊಡಗಿದಳು. ಆಮ್ರಪಾಲಿಗೆ ಜಗಳ ಆಗದು. ಅವಳು ಕೋಣೆಯ ನಡುವೆ ನೆಲಕ್ಕೆ ಕೂತು, ಒಂದು ಮೊಣಕಾಲು ಊರಿ, ಕೈ ಮುಟ್ಟಿಸದೆ ಮೆಲ್ಲಗೆ ಎದ್ದು ನಿಂತಳು. "ಉಸರ ಬಿಡಬೇಕ," ಎಂದಳು ಲಕ್ಕವ್ವನಿಗೆ. "ಹಿಡೀಬಾರದು."

ಲಕ್ಕವ್ವ ಅವಳ ಮೊಣಕಾಲನ್ನೇ ನೋಡಿದಳು. ದಿನಾ ಸ್ನಾನದ ಹೊತ್ತಿಗೆ ಮಗನನ್ನು ನೆಲದಿಂದ ಎಬ್ಬಿಸಿ ಎಬ್ಬಿಸಿ ಅವಳ ಸೊಂಟ ಹೋಗಿತ್ತು.

"ಇಕಿ ಮೊದಲಿಂದ ಹಿಂಗ ಏಳ್ತಿದ್ಲೇನ?"

"ಇಲ್ರಿ."

"ನಾನೂ ಮಾಡ್ತೀನಿ," ಎಂದು ಸಂಗನಬಸವ ಕುರ್ಚಿಯಿಂದ ಏಳಹೋದ.

"ಬ್ಯಾಡಪಾ!" ಪರಸವ್ವ ತಡೆದಳು. "ಮೊದಲ ಅವನ ಕುತಿಗಿ ಫೋಟೊ ತೆಗಸ್ರಿ."

ಲಕ್ಕವ್ವನ ಕಣ್ಣು ಸಣ್ಣಗಾಯಿತು. "ಕುತಿಗಿದ್ಯಾಕ? ಅದರಾಗ ನಿಮಗೇನ ಸಿಗತೈತಿ?"

ಪರಸವ್ವನಿಗೆ ಸಿಟ್ಟು ಬರಬೇಕಿತ್ತು, ನಗು ಬಂತು. ತನಗೆ ಸಪ್ನಾ ಹೇಳಿದ್ದನ್ನು, ಡಾಕ್ಟರು ಹೇಳಿದ್ದನ್ನು, ಇವಳಿಗೆ ನಿಂತು ಹೇಳಿದಳು. ಹೊರಡುವಾಗ ಅಂಗಡಿಯಿಂದ ಕಾಗದದ ಕಪ್ಪಿನಲ್ಲಿ ಚಹಾ ಬಂತು. ಲಕ್ಕವ್ವನ ಕೈಯಲ್ಲಿ ಸ್ಟೀಲಿನ ಲೋಟ. ಅಂಗಡಿಗೆ ಬಂದವರಿಗೆಲ್ಲ ಕಾಗದದ ಕಪ್ಪೇ ಇರಬಹುದು, ಇರದೆಯೂ ಇರಬಹುದು. ಪರಸವ್ವ ತನ್ನ ಕಪ್ಪನ್ನು ಹಾಗೇ ಇಟ್ಟಳು. ಆಮ್ರಪಾಲಿ ಎರಡನ್ನೂ ಕುಡಿದಳು.

ಮನೆಗೆ ಬಂದು ಪರಸವ್ವ ಶಮಾಳಿಗೆ ಫೋನು ಮಾಡಿ, ಕ್ಲಾಸಿಗೆ ಬರುವವರು ಯಾರೆಂದು ಎಲ್ಲರ ಮನೆಯವರಿಗೂ ಗೊತ್ತಿರಬೇಕು, ಯಾರೂ ವೀಡಿಯೊ ಇಟ್ಟುಕೊಳ್ಳಬಾರದು ಎಂದಳು. ಶಮಾ ಒಪ್ಪಿದಳು. ಆಮ್ರಪಾಲಿ ಅಂದೇ ಸಂಜೆ ಕುರ್ಚಿ ಎಳೆದಳು.

ಶೈಲಾಳ ಕರೆ ಬಂದದ್ದು ತಿಂಗಳು ಕಳೆದ ಮೇಲೆ. ಲಕ್ಕವ್ವ ಕಡೆಗೂ ಮಗನನ್ನು ವಿಜಯಪುರಕ್ಕೆ ಕರೆದೊಯ್ದಿದ್ದಳು. ಅವನ ಕುತ್ತಿಗೆಯ ಮೂಳೆ ಇರಬೇಕಾದ ಜಾಗದಿಂದ ಜರುಗಿತ್ತು. ದೊಡ್ಡ ಡಾಕ್ಟರಿಗೆ ತೋರಿಸಬೇಕು, ಅಲ್ಲಿಯ ತನಕ ತಲೆಯ ಮೇಲೆ ಏನೂ ಹೊರಬಾರದು ಎಂದಿದ್ದರು.

"ಗೋದಾಮಿನ್ಯಾಗ ಇಷ್ಟ ದಿನ ತಲಿ ಮ್ಯಾಲ ಚೀಲ ಹೊರತಿದ್ದಾ ಅಕ್ಕಾರ," ಎಂದಳು ಶೈಲಾ. "ಅತ್ತಿ ಎರಡ ದಿನ ಅಂಗಡೀಗೇ ಹೋಗಿಲ್ಲ."

ಪರಸವ್ವ ಆಮ್ರಪಾಲಿಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು.

ಡಾಕ್ಟರನ್ನು ಕೇಳಿಕೊಂಡು, ಕೂತು ಮಾಡುವ ಹಗುರದ ಕೈ ಕಸರತ್ತನ್ನಷ್ಟೇ ಶಮಾ ಅವನಿಗೆ ಮುಂದುವರಿಸಿದಳು. ಮದುವೆ ಮುಗಿಯುವ ತನಕ ಎಲ್ಲರೆದುರು ಬೇಡವೆಂದು ಲಕ್ಕವ್ವ ಈಗಲೂ ಹಟ ಹಿಡಿದಿದ್ದಳು. ಹಾಗಾಗಿ ಸೋಮವಾರ ಆಮ್ರಪಾಲಿ ಮತ್ತು ಸಂಗನಬಸವ ಇಬ್ಬರಿಗೇ ಬೇರೆ ಕ್ಲಾಸು ಎಂದಾಯಿತು.

ಆ ಸೋಮವಾರ ಸಂಗನಬಸವನ ಮುಖ ತೆರೆಯ ತುಂಬ ಬಂತು, ಗಡ್ಡ ಬೋಳಿಸಿ ಹೊಸ ಅಂಗಿ ತೊಟ್ಟಿದ್ದ. ಅವನ ಹೆಗಲ ಹಿಂದೆ, ಫೋನನ್ನೇ ದಿಟ್ಟಿಸುತ್ತ, ಲಕ್ಕವ್ವ ಕೂತಿದ್ದಳು.

"ಆ ಸೀರಿ ಯಾಕ ಕಟ್ಟೀರಿ ಗ್ವಾಡಿಗಿ?" ಎಂದಳು ಅವಳು. "ಅದರ ಹಿಂದ ಯಾರರೆ ನಿಂತಾರೇನ?"

"ಯಾರೂ ಇಲ್ರಿ," ಎಂದಳು ಪರಸವ್ವ. "ನಿಮ್ಮ ಹಿಂದ ಬಾಗಲಾ ತೆರದೈತಿ. ಅಲ್ಲಿ ಯಾರ ಅದಾರ, ನೋಡ್ರಿ ಮೊದಲ."