ಕಿವಿ ಮೇಸ್ತ್ರಿ ನೋಡಿದ ಗಾಡಿ

ಅವನನ್ನು ಎಲ್ಲರೂ ಕಿವಿ ಮೇಸ್ತ್ರಿ ಎನ್ನುತ್ತಿದ್ದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ‘ಮೂರನೇ ವಾಲ್ವು’ ಎಂದನೆಂದರೆ ಮುಗಿಯಿತು. ಬಿಚ್ಚಿ ನೋಡಿದರೆ ಮೂರನೇ ವಾಲ್ವೇ ಕೆಟ್ಟಿರುತ್ತಿತ್ತು. ಮೂವತ್ತು ವರ್ಷ ಹೀಗೆ ಮೆರೆದವನಿಗೆ ಈಗ ಎರಡು ವರ್ಷದಿಂದ ಕಿವಿ ಕೈಕೊಟ್ಟಿತ್ತು. ಮೊದಲು ಎಡಗಿವಿ, ಆಮೇಲೆ ಬಲಗಿವಿ.

ಇದನ್ನು ಅವನು ಒಂದು ನರಪಿಳ್ಳೆಗೂ ಹೇಳಿರಲಿಲ್ಲ. ಕಿವಿ ಮೇಸ್ತ್ರಿ ಕಿವುಡನಾದ ಎಂದರೆ ಊರಿಗೆ ನಗಲು ಬೇರೇನು ಬೇಕು? ಹೆಂಡತಿ ಇದ್ದಿದ್ದರೆ ಒಂದೇ ವಾರದಲ್ಲಿ ಗುಟ್ಟು ರಟ್ಟಾಗುತ್ತಿತ್ತು, ಆದರೆ ಅವಳು ತೀರಿಕೊಂಡು ಆರು ವರ್ಷವಾಗಿತ್ತು. ಸ್ಕ್ರೂಡ್ರೈವರನ್ನು ಈಗಲೂ ಕಿವಿಗೆ ಹಿಡಿಯುತ್ತಿದ್ದ, ಬರೀ ನಾಟಕಕ್ಕೆ. ಗಿರಾಕಿಗಳ ತುಟಿ ನೋಡಿ ಮಾತು ಹಿಡಿಯುತ್ತಿದ್ದ. ತುಟಿ ಕಾಣದಿದ್ದರೆ ‘ಹೂಂ’, ಎದುರಿನವರ ಮುಖದಲ್ಲಿ ಗಾಬರಿ ಕಂಡರೆ ‘ಅದೇನಿಲ್ಲ’. ಈ ಎರಡು ಮಾತಿನಲ್ಲಿ ಎರಡು ವರ್ಷ ದೂಡಿದ್ದ ಮಹಾನುಭಾವ.

ಶನಿವಾರ ಬೆಳಿಗ್ಗೆ ತಂಗಿಯ ಗಂಡ ಕಾರು ತಂದ. ಅವನು ಇವನಿಗೆ ಭಾವ, ಇವನೂ ಅವನಿಗೆ ಭಾವ. ಇಬ್ಬರೂ ಒಟ್ಟಿಗಿದ್ದಾಗ ‘ಯಾವ ಭಾವ ಯಾವ ಭಾವನ್ನ ಕರೀತಿದ್ದಾರಪ್ಪಾ’ ಎಂದು ತಂಗಿ ಗೇಲಿ ಮಾಡುತ್ತಿದ್ದಳು. ಈಗ ಅವಳಿಗೆ ನಗುವಷ್ಟು ತ್ರಾಣ ಇರಲಿಲ್ಲ. ಎರಡೂ ಮೂತ್ರಪಿಂಡ ಕೆಟ್ಟು, ವಾರಕ್ಕೆ ಮೂರು ದಿನ ಡಯಾಲಿಸಿಸ್‌ಗೆ ನಲವತ್ತು ಕಿಲೋಮೀಟರ್ ಹೋಗಬೇಕು. ಶನಿವಾರ, ಭಾನುವಾರ ಮಿಷನ್ ಇಲ್ಲ. ಎರಡು ದಿನದ ನೀರು ಮೈಯಲ್ಲೇ ನಿಂತಿರುವುದರಿಂದ ಸೋಮವಾರ ಮಾತ್ರ ಯಾವ ಕಾರಣಕ್ಕೂ ತಪ್ಪಿಸಬೇಡಿ ಎಂದು ಡಾಕ್ಟರು ಹೇಳಿದ್ದರು.

“ಟೆಂಪರೇಚರ್ ಮುಳ್ಳು ಒಂದು ಕಡೆ ನಿಲ್ತಾ ಇಲ್ಲ ಭಾವ. ಏರತ್ತೆ, ಇಳಿಯತ್ತೆ, ಮತ್ತೆ ಏರತ್ತೆ. ಸೋಮವಾರ ಇವಳನ್ನ ಕರ್ಕೊಂಡು ಹೋಗ್ಬೇಕಲ್ಲ, ಸ್ವಲ್ಪ ಸರಿಯಾಗಿ ನೋಡಿ.”

ಮೇಸ್ತ್ರಿ ಸರಿಯಾಗಿಯೇ ನೋಡಿದ. ರೇಡಿಯೇಟರಿನಲ್ಲಿ ಅರ್ಧ ಲೀಟರ್ ನೀರು ಕಡಿಮೆ ಇತ್ತು, ತುಂಬಿಸಿದ. ಕೆಳಗೆ ಬಗ್ಗಿ ನೋಡಿದರೆ ಒಂದು ಹನಿಯೂ ಸೋರಿರಲಿಲ್ಲ. ಪೈಪುಗಳು ಗಟ್ಟಿಯಾಗಿದ್ದವು, ಫ್ಯಾನು ತಿರುಗುತ್ತಿತ್ತು. ಇಂಜಿನ್ನು ನಿಜವಾಗಿ ಕಾದಿದ್ದರೆ ಮುಳ್ಳು ಇಷ್ಟು ಬೇಗ ಇಳಿಯುವುದಿಲ್ಲ. ಹಾಗಾದರೆ ನೀರಿನ ದಾರಿ ತೆರೆದು ಮುಚ್ಚುವ ಥರ್ಮೋಸ್ಟಾಟ್ ಸಿಕ್ಕಿಕೊಳ್ಳುತ್ತಿರಬೇಕು, ಇಲ್ಲವೇ ಸೆನ್ಸರು ಸುಳ್ಳು ಹೇಳುತ್ತಿರಬೇಕು. ಎರಡನ್ನೂ ಬದಲಾಯಿಸಿದ. ಬಾನೆಟ್ ಎತ್ತಿದ್ದಂತೆಯೇ ಇಂಜಿನ್ ಶುರು ಮಾಡಿಸಿ, ರೂಢಿಯಂತೆ ಸ್ಕ್ರೂಡ್ರೈವರ್ ಕಿವಿಗಿಟ್ಟ. ಮೂಳೆಗೆ ಅದುರಿದ್ದು ಗೊತ್ತಾಯಿತು, ಅಷ್ಟೇ.

ಬಾನೆಟ್ಟಿನ ಆಚೆಯಿಂದ, ಡ್ರೈವರ್ ಸೀಟಿನಲ್ಲಿ ಕೂತಿದ್ದ ಭಾವ ಏನೋ ಕೇಳಿದ. ಮೇಸ್ತ್ರಿ ತಲೆ ಈಚೆ ತರುವಷ್ಟರಲ್ಲಿ ಅವನ ತುಟಿ ನಿಂತಿತ್ತು, ಮುಖದಲ್ಲಿ ಆತಂಕ ಮಾತ್ರ ಉಳಿದಿತ್ತು.

“ಅದೇನಿಲ್ಲ” ಎಂದ ಮೇಸ್ತ್ರಿ.

ಮುಳ್ಳು ನಡುಮಧ್ಯೆ ನಿಂತಿತು. ಭಾವ ನಿರಾಳವಾಗಿ ಮನೆಗೆ ಹೋದ.

ಸೋಮವಾರ ಕಾರು ನಡುದಾರಿಯಲ್ಲಿ ಹಬೆಯುಗುಳಿ ನಿಂತಿತು. ಭಾವ ಸಿಕ್ಕಸಿಕ್ಕ ಗಾಡಿಗಳಿಗೆ ಕೈ ಅಡ್ಡ ಹಿಡಿದು, ಕೊನೆಗೆ ಒಂದು ಸಾಮಾನಿನ ಟೆಂಪೋದಲ್ಲಿ ತಂಗಿಯನ್ನು ಕೂರಿಸಿಕೊಂಡು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವಳ ಮಿಷನ್ನು ಬೇರೆಯವರಿಗೆ ಹೋಗಿತ್ತು. ಸಂಜೆ ನೋಡೋಣ ಎಂದರು. ಸಂಜೆಯ ಹೊತ್ತಿಗೆ ನೀರು ಶ್ವಾಸಕೋಶಕ್ಕೆ ಇಳಿದಿತ್ತು.

ಮಂಗಳವಾರ ಕಾರನ್ನು ಎಳೆದು ತಂದು ಗ್ಯಾರೇಜಿನ ಮುಂದೆ ಬಿಟ್ಟರು. ಮೇಸ್ತ್ರಿ ಈ ಸಲ ಸ್ಕ್ರೂಡ್ರೈವರ್ ಮುಟ್ಟಲಿಲ್ಲ. ತಣ್ಣಗಿದ್ದ ರೇಡಿಯೇಟರಿನ ಮುಚ್ಚಳ ತೆಗೆದು, ಬಾಯಿಮಟ್ಟ ನೀರು ತುಂಬಿ, ಕೀ ತಿರುಗಿಸಿ ಬಂದು ಬಗ್ಗಿ ನೋಡಿದ. ಇನ್ನೂ ಬಿಸಿಯೇ ಆಗದ ನೀರಿನಲ್ಲಿ ಗುಳ್ಳೆಗಳು ಒಂದರ ಹಿಂದೊಂದು ಏಳುತ್ತಿದ್ದವು. ಇಂಜಿನ್ನಿನ ಬೆಂಕಿಯನ್ನೂ ನೀರನ್ನೂ ಬೇರೆಯಾಗಿಡುವ ಹೆಡ್ ಗ್ಯಾಸ್ಕೆಟ್ ಸುಟ್ಟಿತ್ತು. ಒಳಗಿನ ಹೊಗೆ ನೀರಿಗೆ ನುಗ್ಗಿ, ಆ ಗಾಳಿ ಸೆನ್ಸರನ್ನು ದಾಟುವಾಗಲೆಲ್ಲ ಮುಳ್ಳು ಕುಣಿಯುತ್ತಿತ್ತು. ಶನಿವಾರ ತುಂಬಿದ ಹೊಸ ನೀರಿನ ದೆಸೆಯಿಂದ ಸ್ವಲ್ಪ ಹೊತ್ತು ಸುಮ್ಮನಿತ್ತು, ಅಷ್ಟೇ. ಮೂರು ನಿಮಿಷದ ಪರೀಕ್ಷೆ. ಕಿವಿಯನ್ನು ನಂಬಿದವನು ಅದನ್ನು ಕಲಿತೂ ಮರೆತಿದ್ದ.

ಅಷ್ಟರಲ್ಲಿ ಭಾವ ಬಂದ. ಎದುರಿಗೇ ನಿಂತಿದ್ದರಿಂದ ಅವನ ತುಟಿ ಚೆನ್ನಾಗಿ ಕಾಣುತ್ತಿತ್ತು.

“ಡ್ಯಾಶ್‌ಬೋರ್ಡ್ ಹಿಂದೆ ಗುಳುಗುಳು ಅಂತ ಸದ್ದು ಬರ್ತಿದೆ, ಇದೇನು ಅಂತ ಅವತ್ತೇ ಕೇಳಿದ್ನಲ್ಲ ಭಾವ. ಅದೇನಿಲ್ಲ ಅಂದ್ರಿ.”

ಮೇಸ್ತ್ರಿ ಬಾಯಿ ತೆರೆದ. ‘ನನಗೆ ಕೇಳಿಸಲಿಲ್ಲ’ ಎನ್ನಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಬಾಯಿ ಮುಚ್ಚಿದ.

“ಬನ್ನಿ, ನಿಮ್ಮನ್ನ ಕರೀತಿದ್ದಾಳೆ” ಎಂದ ಭಾವ.

ಆಸ್ಪತ್ರೆಯಲ್ಲಿ ತಂಗಿಯ ಮೂಗು, ಬಾಯಿ ಮುಚ್ಚುವಂತೆ ಆಮ್ಲಜನಕದ ಮಾಸ್ಕ್ ಹಾಕಿದ್ದರು. ಕಾಲುಗಳು ಊದಿಕೊಂಡಿದ್ದವು. ಅಣ್ಣನನ್ನು ಕಂಡು ಅವಳು ಬೆರಳು ಎತ್ತಿದಳು. ಅವನು ಹಿಡಿದುಕೊಂಡ. ಮಾಸ್ಕಿನ ಒಳಗೆ ಆವಿ ಕಟ್ಟುತ್ತಿತ್ತು, ಕರಗುತ್ತಿತ್ತು. ಅವಳು ಏನೋ ಕೇಳುತ್ತಿದ್ದಾಳೆ ಎಂದು ಗೊತ್ತಾಯಿತು. ತುಟಿ ಕಾಣಲಿಲ್ಲ. ಅವನು ಇನ್ನಷ್ಟು ಬಗ್ಗಿದ, ಅವಳು ಮತ್ತೆ ಕೇಳಿದಳು. ನೀರು ತುಂಬಿದ ಕಣ್ಣಿನಲ್ಲಿ ಅವನನ್ನೇ ನೋಡುತ್ತ ಕಾದಳು.

ಅವನು ಅಕ್ಕರೆಯಿಂದ ಹೂಂ ಎಂದು ತಲೆಯಾಡಿಸಿದ.

ಅವಳ ಬೆರಳು ಅವನ ಕೈಯಿಂದ ಜಾರಿತು. ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ಭಾವ ಅವನ ತೋಳು ಹಿಡಿದು ಬಾಗಿಲಾಚೆ ಎಳೆದುಕೊಂಡು ಬಂದ. ಎದುರಿಗೆ ನಿಂತು ಕೇಳಿದ.

“ಏನ್ ಮಾಡಿದ್ರಿ ನೀವು? ನಾನು ಸತ್ತೋಗ್ತೀನಾ ಅಣ್ಣಾ ಅಂತ ಕೇಳಿದ್ಲು. ಹೂಂ ಅಂತೀರಲ್ಲ.”

ಮೇಸ್ತ್ರಿ ಆ ತುಟಿಗಳನ್ನು ಓದಿದ.

“ನಂಗೆ ಕಿವಿ ಕೇಳ್ಸಲ್ಲ ಭಾವ” ಎಂದ. “ಎರಡು ವರ್ಷ ಆಯ್ತು. ನೀವು ಕೇಳಿದ್ದೂ ಕೇಳಿಸ್ಲಿಲ್ಲ, ಅವಳು ಕೇಳಿದ್ದೂ ಕೇಳಿಸ್ಲಿಲ್ಲ.”

ಭಾವ ಏನೂ ಹೇಳಲಿಲ್ಲ, ಅಥವಾ ಮುಖ ತಿರುಗಿಸಿಕೊಂಡು ಹೇಳಿದ. ಮೇಸ್ತ್ರಿ ಒಳಗೆ ಓಡಿದ. ಮಂಚದ ಆಚೆ ಬದಿಗೆ ಹೋಗಲು ಗೋಡೆ ಅಡ್ಡ. ಈಚೆಯಿಂದಲೇ ಬಗ್ಗಿ, ಅವಳ ಕಿವಿಯ ಬಳಿ, “ಇಲ್ಲ ಕಣೇ, ನಂಗೆ ಕೇಳಿಸ್ಲಿಲ್ಲ, ನೀನು ಕೇಳಿದ್ದು ನಂಗೆ ಕೇಳಿಸ್ಲೇ ಇಲ್ಲ” ಎಂದ. ದನಿ ಎಷ್ಟು ಏರಿತ್ತೋ ಅವನಿಗೆ ತಿಳಿಯಲಿಲ್ಲ. ಪಕ್ಕದ ಮಂಚದವರು ಎದ್ದು ಕೂತರು, ನರ್ಸು ಓಡಿ ಬಂದು ಅವನ ಭುಜ ಹಿಡಿದಳು.

ತಂಗಿ ಮಾತ್ರ ಈ ಕಡೆ ತಿರುಗಲಿಲ್ಲ.