ಕೈಯಲ್ಲಿ ಬಟ್ಟೆ ಇಲ್ಲದೆ ಚೀಟಿ ಇಲ್ಲ

ಐದು ದಿನ, ದಿನಕ್ಕೊಂದು ಗಂಟೆ, ಮಧ್ಯಾಹ್ನ ಎರಡರಿಂದ ಮೂರು. ಲಾಂಡ್ರಿಗೆ ಗಿರಾಕಿಗಳು ಬಾರದ ಹೊತ್ತು ಅದೊಂದೇ. ಹುಡುಗಿ ನೋಟುಬುಕ್ಕಿನಲ್ಲಿ ಗೆರೆ ಹಾಕಿ ಎಲ್ಲವನ್ನೂ ಬರೆದುಕೊಂಡಿದ್ದಳು. ಸೋಮವಾರ ಮೌಸ್ ಹಿಡಿಯುವುದು, ಮಂಗಳವಾರ ಹೊಸ ಚೀಟಿ, ಬುಧವಾರ ಫೋನ್ ನಂಬರಿನಿಂದ ಗಿರಾಕಿಯನ್ನು ಹುಡುಕುವುದು, ಗುರುವಾರ ಬಟ್ಟೆ ಸಿದ್ಧವಾದಾಗ ಒತ್ತುವ ಗುಂಡಿ, ಶುಕ್ರವಾರ ಬರೀ ಅಭ್ಯಾಸ. ಶನಿವಾರದ ಎದುರಿಗೆ ಏನನ್ನೂ ಬರೆದಿರಲಿಲ್ಲ. ಅದು ಮಾವನ ದಿನ.

ಡಿಗ್ರಿ ಮುಗಿದು ವರ್ಷವಾಗಿತ್ತು. ಸಂದರ್ಶನಗಳಲ್ಲಿ ಅವಳ ಗಂಟಲಿನಿಂದ ಮಾತು ಹೊರಡುವಷ್ಟರಲ್ಲಿ ಎದುರಿನವರು ಮುಂದಿನವರನ್ನು ಕರೆದಿರುತ್ತಿದ್ದರು. ಕೊನೆಗೆ ಲಾಂಡ್ರಿಯ ಯಜಮಾನನಾದ ಸೋದರಮಾವ, ಹೊಸ ಕಂಪ್ಯೂಟರ್ ತಂದಿದ್ದೇನೆ, ನಮ್ಮವರಿಗೆ ಕಲಿಸು ಎಂದ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು.

“ಶನಿವಾರ ಬೆಳಗ್ಗೆ ನಾನೇ ನಿಂತು ನೋಡ್ತೀನಿ. ಕೌಂಟರಕ್ಕ ಒಬ್ಬರೇ ಇದನ್ನ ನಡೆಸಿದ್ರೆ ಸರಿ. ಇಲ್ಲಾಂದ್ರೆ ಆ ಕುರ್ಚಿಗೆ ನೀನು ಬಾ. ಅವರು ಒಳಗೆ ಬಟ್ಟೆ ಮಡಚಲಿ.”

ಇದನ್ನು ಅವನು ಕೌಂಟರಕ್ಕನ ಎದುರಿಗೇ ಹೇಳಿದ್ದ. ಹತ್ತೊಂಬತ್ತು ವರ್ಷದಿಂದ ಅದೇ ಕುರ್ಚಿಯಲ್ಲಿ ಕೂತು ಬಟ್ಟೆ ತೆಗೆದುಕೊಂಡು ಚೀಟಿ ಬರೆದುಕೊಡುವ ಹೆಂಗಸು ಆಕೆ. ಎರಡೂ ಮಂಡಿ ಸವೆದಿದ್ದವು. ಒಳಗೆ ಮಡಚುವ ಮೇಜಿನ ಮುಂದೆ ದಿನವಿಡೀ ನಿಲ್ಲಬೇಕು. ಅಂದರೆ ತಿಂಗಳೊಪ್ಪತ್ತಿನಲ್ಲಿ ಆಕೆ ತಾನಾಗಿಯೇ ಕೆಲಸ ಬಿಡುತ್ತಾಳೆ ಎಂಬುದು ಮೂವರಿಗೂ ಗೊತ್ತಿತ್ತು. ಅಕ್ಕ ಕನ್ನಡಕ ಒರೆಸಿಕೊಂಡಳು. ಹುಡುಗಿಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಅನ್ನಿಸಿತು. ಇನ್ನೊಬ್ಬರನ್ನು ಎಬ್ಬಿಸಿ ಕೂರುವ ಕುರ್ಚಿ ಅವಳಿಗೆ ಬೇಡವಾಗಿತ್ತು. ಆದರೆ ಅಮ್ಮ ಸಂಜೆ ಸಂಜೆ “ಆಯಮ್ಮ ಕಲೀತಿದಾಳಾ?” ಎಂದು ಕೇಳುವಾಗ ಆ ದನಿಯಲ್ಲಿ, ಕಲಿಯದಿದ್ದರೇ ವಾಸಿ ಎನ್ನುವ ಸಣ್ಣ ಆಸೆ ಕೇಳಿಸುತ್ತಿತ್ತು.

ಸೋಮವಾರ ಅವಳ ಮುಂದೆ ಮೂವರು ಕೂತರು. ಕೌಂಟರಕ್ಕ, ಇಸ್ತ್ರಿಯಣ್ಣ ಮತ್ತು ಬಟ್ಟೆಯ ಕಲೆ ತೆಗೆಯುವುದರಲ್ಲಿ ಎತ್ತಿದ ಕೈಯಾದ್ದರಿಂದ ಎಲ್ಲರೂ ಕಲೆಗಾರ ಎಂದೇ ಕರೆಯುವ ಮುದುಕ. ಬಾಯಿಪಾಠ ಮಾಡಿಕೊಂಡು ಬಂದಿದ್ದ ಪೀಠಿಕೆ ಅವಳಿಗೆ ಮರೆತೇ ಹೋಯಿತು. ಪುಣ್ಯಕ್ಕೆ ಅದನ್ನು ಯಾರೂ ಕಾಯುತ್ತಿರಲಿಲ್ಲ. ಇಸ್ತ್ರಿಯಣ್ಣ ಆಗಲೇ ಮೌಸನ್ನು ಕೈಗೆತ್ತಿಕೊಂಡು, ಮೇಜಿನ ಈ ತುದಿಯಿಂದ ಆ ತುದಿಯವರೆಗೆ ಬಲವಾಗಿ ಒತ್ತಿ ಎಳೆದು, ಸುಕ್ಕು ಹೋಗಿದೆಯೇ ಎಂದು ನೋಡುವವನಂತೆ ಬಗ್ಗಿ ನೋಡುತ್ತಿದ್ದ.

“ಇದಕ್ಕೆ ತೂಕವೇ ಇಲ್ಲ ಕಣಮ್ಮ. ಕೆಂಡ ತುಂಬೋ ಜಾಗ ಎಲ್ಲಿದೆ?”

ಕಲೆಗಾರ ನಕ್ಕ. ಅಕ್ಕನೂ ನಕ್ಕಳು. ಹುಡುಗಿಗೆ ಎದೆಯ ಮೇಲಿನ ಚಪ್ಪಡಿ ಒಂದಂಗುಲ ಸರಿದಂತಾಯಿತು.

ಇಬ್ಬರು ಗಂಡಸರೂ ಗುರುವಾರದ ಹೊತ್ತಿಗೆ ದಾರಿಗೆ ಬಂದರು. ತೊಡಕಾದದ್ದು ಅಕ್ಕನ ವಿಷಯದಲ್ಲಿಯೇ. ಗುಂಡಿಗಳೆಲ್ಲ ಆಕೆಗೆ ಗೊತ್ತು, ಬಾಯಲ್ಲಿ ಒಂದೊಂದನ್ನೂ ಸರಿಯಾಗಿ ಹೇಳುತ್ತಾಳೆ. ಆದರೆ ಚೀಟಿ ಮಾಡಿ ಎಂದರೆ ಬೆರಳು ಗಾಳಿಯಲ್ಲೇ ನಿಂತುಬಿಡುತ್ತದೆ. ಹುಡುಗಿ ಅಭ್ಯಾಸಕ್ಕೆಂದು ಇಪ್ಪತ್ತು ಗಿರಾಕಿಗಳನ್ನು, ಅವರ ಹೆಸರು, ನಂಬರು, ಬಟ್ಟೆ ಸಮೇತ ತಲೆಯಿಂದಲೇ ಹುಟ್ಟಿಸಿ ಬರೆದು ತಂದಿದ್ದಳು. ಶುಕ್ರವಾರ ಮೊದಲನೆಯದರಲ್ಲೇ ಬಂಡಿ ನಿಂತಿತು.

“ಯಾವ ಕೋಟು ಇದು?”

“ಸುಮ್ಮನೆ ಅಂದ್ಕೊಳ್ಳಿ ಅಕ್ಕ.”

“ಅಂದ್ಕೊಂಡೆ. ಗುಂಡಿ ಎಷ್ಟಿವೆ? ಜೇಬು ನೋಡಿದ್ಯಾ? ಕಾಲರ್ ಮೊದಲೇ ಹರಿದಿತ್ತಾ, ನಾವು ಹರಿದ್ವಾ?”

ಆಗ ಕಲೆಗಾರನೇ ಬಿಡಿಸಿ ಹೇಳಿದ. ಮಾವನ ಅಪ್ಪನ ಕಾಲದಲ್ಲಿ ಒಮ್ಮೆ ಯಾರದೋ ಮಾತು ನಂಬಿ ಬಟ್ಟೆ ನೋಡದೆಯೇ ಚೀಟಿ ಬರೆದುಕೊಟ್ಟಿದ್ದರಂತೆ. ಅಂಗಡಿಗೆ ಬಾರದೇ ಇದ್ದ ಕೋಟನ್ನು ಕೊಡಿ ಎಂದು ಆ ಮನುಷ್ಯ ತಿಂಗಳುಗಟ್ಟಲೆ ಪ್ರಾಣ ತಿಂದನಂತೆ. ಅಂದಿನಿಂದ ಈ ಅಂಗಡಿಯಲ್ಲಿ ಕೈಯಲ್ಲಿ ಬಟ್ಟೆ ಇಲ್ಲದೆ ಚೀಟಿ ಇಲ್ಲ. ಅಕ್ಕ ಕೌಂಟರಿಗೆ ಬಂದ ದಿನ ಕಲಿತ ಮೊದಲ ಪಾಠವೇ ಅದು.

ಹಾಗಾದರೆ ಬಟ್ಟೆ ಹಿಡಿದುಕೊಂಡೇ ಮಾಡಿ ಎಂದಳು ಹುಡುಗಿ. ಅಷ್ಟರಲ್ಲಿ ಚೀಟಿ ಮುದ್ರಿಸುವ ಕಾಗದದ ಸುರುಳಿ ಮುಗಿಯಿತು. ತರಲು ಪೇಟೆಗೆ ಹೋದಳು. ಮೂರು ಅಂಗಡಿ ಅಲೆದು ತಿರುಗಿ ಬಂದಾಗ ನಾಲ್ಕಾಗಿತ್ತು. ಅಕ್ಕನ ಮುಖ ಅರಳಿತ್ತು. ಬಟ್ಟೆ ಕೈಗೆ ಬಂದದ್ದೇ ತಡ, ಬೆರಳು ತಾನಾಗಿ ಓಡಿತಂತೆ. ಕಾಗದವಿಲ್ಲದಿದ್ದರೂ ಪರದೆಯ ಮೇಲೇ ಮೂವತ್ತೆಂಟು ಚೀಟಿ ಮಾಡಿದ್ದಳು. ಗುರುವಾರದ ಪಾಠವನ್ನೂ ಸೇರಿಸಿ ಮೂವತ್ತೆಂಟಕ್ಕೂ ‘ಸಿದ್ಧ’ ಗುಂಡಿ ಒತ್ತಿದ್ದಳು. ಹುಡುಗಿಗೆ ಎಷ್ಟು ಹಿತವಾಯಿತೆಂದರೆ, ಯಾವ ಬಟ್ಟೆ, ಯಾರ ನಂಬರು ಎಂದು ಕೇಳಬೇಕೆಂದೇ ಹೊಳೆಯಲಿಲ್ಲ.

ಹೊಳೆದದ್ದು ಶನಿವಾರ ಬೆಳಗ್ಗೆ ಎಂಟಕ್ಕೆ, ಬೀದಿಯ ತಿರುವಿನಲ್ಲಿ. ಲಾಂಡ್ರಿಯ ಬಾಗಿಲಿನಿಂದ ಪಕ್ಕದ ಚಪ್ಪಲಿ ಅಂಗಡಿಯವರೆಗೂ ಜನ ಸಾಲುಗಟ್ಟಿದ್ದರು. ಎಲ್ಲರ ಕೈಯಲ್ಲೂ ಫೋನು. ಒಬ್ಬಾತ ಪಕ್ಕದವನಿಗೆ ಓದಿ ಹೇಳುತ್ತಿದ್ದ: ನಿಮ್ಮ ಬಟ್ಟೆ ಸಿದ್ಧವಾಗಿದೆ, ದಯವಿಟ್ಟು ಬಂದು ಪಡೆಯಿರಿ.

ಒಂದು ದಿನ ಒತ್ತಿದ ‘ಸಿದ್ಧ’ಗಳೆಲ್ಲ ಮಾರನೆಯ ಬೆಳಗ್ಗೆ ಏಳಕ್ಕೆ ಗಿರಾಕಿಗಳಿಗೆ ಸಂದೇಶವಾಗಿ ಹೋಗುತ್ತವೆ ಎಂದು ಕಂಪ್ಯೂಟರ್ ಮಾರಿದವನು ಹೇಳಿದ್ದ. ತನ್ನ ಸುಳ್ಳು ಗಿರಾಕಿಗಳಿಗೆ ಸುಳ್ಳು ನಂಬರು, ಹಾಗಾಗಿ ಚಿಂತೆಯಿಲ್ಲ ಎಂದು ಅವಳು ಅದನ್ನು ನಿಲ್ಲಿಸಿರಲಿಲ್ಲ. ಅಕ್ಕನ ಗಿರಾಕಿಗಳು ಸುಳ್ಳಲ್ಲ. ಅವರ ಬಟ್ಟೆಗಳು ಈಗ ಒಳಗೆ ಸೋಪಿನ ನೀರಿನಲ್ಲಿ ನೆನೆಯುತ್ತಿರಬೇಕು. ಪರೀಕ್ಷೆಯ ದಿನವೇ, ಮಾವ ಬರುವ ಹೊತ್ತಿಗೇ, ಅಕ್ಕನ ಕುತ್ತಿಗೆಗೆ ತಾನೇ ಹಗ್ಗ ಬಿಗಿದಂತಾಯಿತು.

ಹಿಂಬಾಗಿಲಿನಿಂದ ನುಗ್ಗಿ, ಅಕ್ಕನಿಗೆ ಎಲ್ಲವನ್ನೂ ಹೇಳಿದಳು. ತಪ್ಪು ನನ್ನದು, ಮಾವನಿಗೂ ಹಾಗೇ ಹೇಳುತ್ತೇನೆ ಎಂದಳು. ಅಕ್ಕ ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ಕೂತಳು.

“ಮಗಳೇ, ಸಿದ್ಧ ಅಂತ ಒತ್ತಿ ಅಂತ ನೀನಂದೆ. ಸಿದ್ಧ ಇಲ್ಲದ ಬಟ್ಟೆಗೆ ಒತ್ತೋಕೆ ನಂಗೇನು ತಲೆ ಕೆಟ್ಟಿದೆಯಾ?”

ಅವಳು ಹಿಂದಿನ ಗೋಡೆಯತ್ತ ಕೈ ಮಾಡಿದಳು. ಅಲ್ಲಿ ನೆಲದಿಂದ ಸೂರಿನವರೆಗೆ ಒಂದು ಕಪಾಟು. ಒಗೆಸಲು ಕೊಟ್ಟು, ಮರೆತು, ಬಾರದೇ ಉಳಿದವರ ಬಟ್ಟೆಗಳು ಅದರಲ್ಲಿ ಗಂಟು ಗಂಟಾಗಿದ್ದವು. ಕೆಲವಕ್ಕೆ ಆರು ತಿಂಗಳು, ಕೆಲವಕ್ಕೆ ಎರಡು ವರ್ಷ. ಹೊಸ ಬಟ್ಟೆಯ ಸಾಲು ಕೆಡಿಸಬಾರದೆಂದು ಅಕ್ಕ ನಿನ್ನೆ ಇಸ್ತ್ರಿಯಣ್ಣನಿಂದ ಆ ಗಂಟುಗಳನ್ನೇ ಒಂದೊಂದಾಗಿ ಇಳಿಸಿಕೊಂಡು, ಗುಂಡಿ ಎಣಿಸಿ, ಅದಕ್ಕೆ ಚುಚ್ಚಿದ್ದ ಹಳೆಯ ಚೀಟಿಯಿಂದ ನಂಬರು ನೋಡಿ ತುಂಬಿಸಿದ್ದಳು. ಮೂವತ್ತೆಂಟೂ ಒಗೆದು, ಇಸ್ತ್ರಿಯಾಗಿ, ಕಾಗದದಲ್ಲಿ ಸುತ್ತಿ ಎಂದೋ ಸಿದ್ಧವಾಗಿದ್ದವು.

ಹುಡುಗಿ ಅಲ್ಲೇ ಗೋಡೆಗೊರಗಿದಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಸ್ತ್ರಿಯಣ್ಣ ಬಾಗಿಲು ತೆರೆದ.

ಮೊದಲು ಬಂದವನಿಗೆ ಸಿಕ್ಕಿದ್ದು ಅವನ ಮದುವೆಯ ಕೋಟು. ಅದನ್ನು ಬಸ್ಸಿನಲ್ಲಿ ಬಿಟ್ಟು ಬಂದಿರಿ ಎಂದು ಹೆಂಡತಿ ಒಂದೂವರೆ ವರ್ಷದಿಂದ ಅವನನ್ನು ಹುರಿದು ಮುಕ್ಕುತ್ತಿದ್ದಳಂತೆ. ಹಾಕಿ ನೋಡಿದ. ಹೊಟ್ಟೆಯ ಮೇಲೆ ಗುಂಡಿ ಕೂಡಲಿಲ್ಲ. ಹಾಗೇ ಹಾಕಿಕೊಂಡು ಹೋದ. ಒಬ್ಬ ಹೆಂಗಸು ಕಾಣೆಯಾದ ಕಂಬಳಿಯ ವಿಷಯಕ್ಕೆ ನಾದಿನಿಯೊಡನೆ ಮಾತು ಬಿಟ್ಟಿದ್ದಳಂತೆ, ಅಲ್ಲಿಂದಲೇ ಫೋನು ಹಚ್ಚಿದಳು. ಅಕ್ಕ ನಂಬರು ಕೇಳುತ್ತಾಳೆ, ಒತ್ತುತ್ತಾಳೆ, ಪರದೆಯ ಮೇಲೆ ಬಂದದ್ದನ್ನು ಗಂಟಿನ ಚೀಟಿಯೊಡನೆ ತಾಳೆ ನೋಡಿ ಕೊಡುತ್ತಾಳೆ. ನಿಧಾನ, ಆದರೆ ತಪ್ಪಿಲ್ಲ.

ಮಾವ ಬಂದಾಗ ಸಾಲು ಇನ್ನೂ ಅರ್ಧ ಉಳಿದಿತ್ತು. ಅವನಿಗೆ ಒಳಗೆ ಬರಲು ಜಾಗವಿಲ್ಲ. ಜನರ ತಲೆಗಳ ಮೇಲಿಂದ ಹುಡುಗಿಗೆ ಸನ್ನೆ ಮಾಡಿದ.

“ಇಷ್ಟು ಜನ ಕಾಯ್ತಿದಾರೆ. ಆ ಕುರ್ಚಿಗೆ ನೀನು ಕೂತ್ಕೋ, ಬೇಗ ಮುಗಿಸು.”

ಅಕ್ಕನ ಬೆರಳು ನಿಂತಿತು. ಸಾಲಿನವರೆಲ್ಲ ತಿರುಗಿ ಹುಡುಗಿಯನ್ನು ನೋಡಿದರು. ಇಷ್ಟು ಕಣ್ಣುಗಳು ಒಟ್ಟಿಗೆ ಅವಳ ಮೇಲೆ ಬಿದ್ದದ್ದು ಇದೇ ಮೊದಲು.

“ಬೇಡ ಮಾವ,” ಎಂದಳು. ದನಿ ತೆಳ್ಳಗಿತ್ತು, ಆದರೂ ಬಾಗಿಲಿನವರೆಗೆ ಹೋಯಿತು. “ಅಕ್ಕನೇ ಮಾಡ್ತಾರೆ. ನೀವು ಸಾಲಲ್ಲಿ ಬನ್ನಿ.”

ಯಾರೋ ಕಿಸಕ್ಕೆಂದರು. ಮಾವನ ಹುಬ್ಬು ಮೇಲೇರಿತು. ಆದರೆ ಅವನು ನಿಂತ. ಕಂಬಳಿ, ಕೋಟು, ಕಿಟಕಿಯ ಪರದೆ ಒಂದೊಂದಾಗಿ ಹೋಗುವುದನ್ನು ಮುಕ್ಕಾಲು ಗಂಟೆ ನಿಂತೇ ನೋಡಿದ. ಅವನ ಸರದಿ ಬಂದಾಗ ಹಿಂದಿನ ಕಪಾಟು ಹೆಚ್ಚುಕಡಿಮೆ ಬರಿದಾಗಿ, ಅದರ ಹಿಂದಿನ ಗೋಡೆಗೆ ಯಾವ ಬಣ್ಣವಿತ್ತೆಂಬುದು ಎಷ್ಟೋ ವರ್ಷದ ಮೇಲೆ ಕಾಣುತ್ತಿತ್ತು.

“ನಂಬರ್ ಹೇಳಿ,” ಎಂದಳು ಅಕ್ಕ, ತಲೆ ಎತ್ತದೆ. ಅಭ್ಯಾಸ ಬಲದಿಂದ.

ಮಾವ ಹೇಳಿಯೇಬಿಟ್ಟ. ಪರದೆಯಲ್ಲಿ ಏನೂ ಬರಲಿಲ್ಲ.

“ನಿಮ್ಮದು ಯಾವ ಬಟ್ಟೆನೂ ಇಲ್ವಲ್ಲ,” ಎಂದು ತಲೆ ಎತ್ತಿದವಳು ಅವನನ್ನು ಕಂಡು ನಾಲಿಗೆ ಕಚ್ಚಿಕೊಂಡಳು. ಮಾವ ಗಂಭೀರವಾಗಿರಲು ನೋಡಿ ಸೋತ. ಸೋಮವಾರದಿಂದ ಹಳೆಯ ಚೀಟಿ ಪುಸ್ತಕ ಎತ್ತಿಡಿ, ಕುರ್ಚಿಗೊಂದು ದಪ್ಪ ದಿಂಬು ತರಿಸ್ತೀನಿ ಎಂದ. ಆಮೇಲೆ ಹುಡುಗಿಯ ಕಡೆ ತಿರುಗಿ, ಪಕ್ಕದ ಬೀದಿಯ ಔಷಧಿ ಅಂಗಡಿಯವರೂ ಇಂಥದ್ದೇ ಯಂತ್ರ ತಂದು ತಲೆ ಮೇಲೆ ಕೈ ಹೊತ್ತು ಕೂತಿದ್ದಾರೆ, ಅವರಿಗೂ ಕಲಿಸುತ್ತೀಯಾ ಎಂದು ಕೇಳಿದ. ನಾಳೆ ಹೇಳುತ್ತೇನೆ ಎಂದಳು ಅವಳು.

ಒಳಗೆ ಹೋಗಿ, ಆಗತಾನೆ ಇಸ್ತ್ರಿಯಾದ ಹಾಸುಬಟ್ಟೆಗಳ ರಾಶಿಗೆ ಒರಗಿ ಕೂತಳು. ರಾಶಿ ಇನ್ನೂ ಬೆಚ್ಚಗಿತ್ತು. ಕಲೆಗಾರ ಚಹಾ ತಂದಿಟ್ಟ. ಎರಡು ಗುಟುಕು ಕುಡಿದಿದ್ದಷ್ಟೇ, ಹಾಡಹಗಲು ಹನ್ನೊಂದಕ್ಕೆ ಕೂತಲ್ಲೇ ನಿದ್ದೆ ಹೋದಳು. ಹೊರಗೆ ಅಕ್ಕ ಯಾರಿಗೋ ನಂಬರ್ ಹೇಳಿ ಎನ್ನುತ್ತಿದ್ದಳು. ಹುಡುಗಿಯನ್ನು ಯಾರೂ ಎಬ್ಬಿಸಲಿಲ್ಲ. ಇಸ್ತ್ರಿಯಣ್ಣ ಮಾತ್ರ ಇಸ್ತ್ರಿ ಪೆಟ್ಟಿಗೆಯನ್ನು ಮೇಜಿನ ಮೇಲೆ ಕುಕ್ಕದೆ ಮೆಲ್ಲಗೆ ಇಡತೊಡಗಿದ.