ಅಧ್ಯಾಯ ಒಂದು: ಭೌಗೋಳಿಕ ಹಿನ್ನೆಲೆ

ನಾನು ಒಂದು ಟೇಪ್ ರೆಕಾರ್ಡರ್. ಹಾಗೆಂದರೇನು ಎಂದು ಈಗಿನ ಮಕ್ಕಳು ಕೇಳಿದರೂ ಕೇಳಬಹುದು. ಕಪ್ಪು ಪ್ಲಾಸ್ಟಿಕ್ಕಿನ ಮೈ, ಮುಂದೆ ಜಾಲರಿಯ ಸ್ಪೀಕರು, ಮೇಲೆ ಸಾಲಾಗಿ ಗುಂಡಿಗಳು, ಎತ್ತಿಕೊಂಡು ಹೋಗಲು ಒಂದು ಹಿಡಿಕೆ. ಹೊಟ್ಟೆಯ ಬಾಗಿಲು ತೆಗೆದು ಕ್ಯಾಸೆಟ್ ಇಟ್ಟು ಕೆಂಪು ಗುಂಡಿ ಒತ್ತಿದರೆ ನೀವು ಆಡಿದ್ದನ್ನೆಲ್ಲ ಕೇಳಿಸಿಕೊಳ್ಳುತ್ತೇನೆ. ಪಕ್ಕದ ಗುಂಡಿ ಒತ್ತಿದರೆ ಅದನ್ನೇ ತಿರುಗಿ ಹೇಳುತ್ತೇನೆ. ಒತ್ತದಿದ್ದರೆ ನನ್ನ ಬಾಯಿಗೆ ಬೀಗ. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ, ನನ್ನ ಸಂಕಟವೆಲ್ಲ ಅಲ್ಲೇ ಇದೆ.

ನಾನು ಹುಟ್ಟಿದ್ದು ಬೆಂಗಳೂರಿನ ಹೊರಗಿನ ಒಂದು ಕಾರ್ಖಾನೆಯಲ್ಲಿ. ಕೊನೆಯ ತಿರುಪು ಬಿಗಿದ ಮೇಲೆ ನೀಲಿ ಕೋಟಿನ ಹುಡುಗಿಯೊಬ್ಬಳು ಕೆಂಪು ಗುಂಡಿ ಒತ್ತಿ ನನ್ನೆದುರು ಬಾಗಿ, "ಒಂದು, ಎರಡು, ಮೂರು" ಎಂದಳು. ನಾನು ಅದನ್ನು ತಪ್ಪಿಲ್ಲದೆ ತಿರುಗಿ ಹೇಳಿದೆ. ಅವಳು ನಕ್ಕು ನನ್ನ ಮೈಮೇಲೆ ಒಂದು ಚೀಟಿ ಅಂಟಿಸಿದಳು. ಒಂದಾದ ಮೇಲೆ ಎರಡು, ಎರಡಾದ ಮೇಲೆ ಮೂರು ಬರುವುದು ಲೋಕದ ನಿಯಮ ಎಂದು ನಾನು ಆಗ ನಂಬಿದ್ದೆ. ಸಣ್ಣ ವಯಸ್ಸು, ಏನೂ ಗೊತ್ತಿರಲಿಲ್ಲ.

ಲಾರಿ ನನ್ನನ್ನು ಹುಬ್ಬಳ್ಳಿಯ ಆಚೆಗಿನ ಒಂದು ಊರಿಗೆ ಒಯ್ದಿತು. ಊರಿನ ಹೆಸರು ಹೇಳುವುದಿಲ್ಲ, ಹೇಳಿದರೆ ಅಲ್ಲಿಯ ವಿಶ್ವವಿದ್ಯಾಲಯದವರು ಬೇಜಾರು ಮಾಡಿಕೊಂಡಾರು. ಪೇಟೆಯಲ್ಲಿ ಚನ್ನವೀರಪ್ಪ ಅಂಗಡಿ ಎಂಬವರ ರೇಡಿಯೋ ಅಂಗಡಿ ಇತ್ತು. ಅಂಗಡಿ ಎಂಬುದೇ ಅವರ ಮನೆತನದ ಹೆಸರು. ಅವರು ನನ್ನನ್ನು ಮಾರಲಿಲ್ಲ, ವಿಶ್ವವಿದ್ಯಾಲಯದ ವಿದ್ಯಾರ್ಥಿ ಸೇವಾ ಘಟಕಕ್ಕೆ ದಾನ ಮಾಡಿದರು. ದಾನ ಮಾಡುವ ಮುಂಚೆ ಪೇಂಟರನನ್ನು ಕರೆಸಿ ನನ್ನ ಬೆನ್ನ ತುಂಬ ಬಿಳಿ ಅಕ್ಷರದಲ್ಲಿ ತಮ್ಮ ಹೆಸರು ಬರೆಸಿದರು. ಜಾಗ ಸಾಲದೆ ಕೊನೆಯ ಅಕ್ಷರ ಮಗ್ಗುಲಿಗೆ ತಿರುಗಿಕೊಂಡಿತು. ಇರಲಿ, ಕೊಟ್ಟವರು ಅವರು.

ಸೇವಾ ಘಟಕ ಎಂದರೆ ಸ್ವಯಂಸೇವಕರಾಗಿ ದುಡಿಯಲು ಬಯಸುವ ಹುಡುಗ ಹುಡುಗಿಯರ ಕೂಟ. ಕ್ಯಾಂಪಸ್ಸಿನಲ್ಲಿ ಗಿಡ ನೆಡುತ್ತಿದ್ದರು, ರಕ್ತ ಕೊಡುತ್ತಿದ್ದರು, ಸುತ್ತಲಿನ ಹಳ್ಳಿಗಳಿಗೆ ಹೋಗಿ ಗಟಾರು ಬಳಿಯುತ್ತಿದ್ದರು. ಅಲ್ಲೆಲ್ಲ ನಾನು ಸೇವಾಗೀತೆ ಹಾಡಿದ್ದೇನೆ. ಒಳ್ಳೆಯ ಮಕ್ಕಳು. ಪ್ರಮಾಣಪತ್ರ ಸಿಕ್ಕರೆ ಮುಂದೆ ಸೀಟಿಗೆ ಅನುಕೂಲ ಎಂದು ಬಂದವರೂ ಇದ್ದರು, ಸುಮ್ಮನೆ ಮನಸ್ಸಿಗೆ ಹಿತ ಎಂದು ಬಂದವರೂ ಇದ್ದರು. ಗುದ್ದಲಿ ಹಿಡಿದಾಗ ಇಬ್ಬರೂ ಒಂದೇ ರೀತಿ ಬೆವರುತ್ತಿದ್ದರು.

ಆ ಘಟಕವನ್ನು ನೋಡಿಕೊಳ್ಳುತ್ತಿದ್ದವರು ಸಸ್ಯಶಾಸ್ತ್ರದ ಮೇಷ್ಟ್ರು ಹೂಲಿ ಸರ್. ಅವರ ಜೇಬಿನಲ್ಲಿ ಯಾವಾಗಲೂ ಒಂದು ಕ್ಯಾಮೆರಾ, ತಲೆಯಲ್ಲಿ ಯಾವಾಗಲೂ ಹತ್ತು ಕೆಲಸ. ಒಂದು ವರ್ಷ ಅವರು ಹೊಸ ಯೋಜನೆ ಹಾಕಿದರು. ವಿಶ್ವವಿದ್ಯಾಲಯದಲ್ಲಿ ನೀಲಗಂಗಾ ಎಂಬ ಕಣ್ಣಿಲ್ಲದ ಹುಡುಗಿ ಎಂ.ಎ. ಇತಿಹಾಸ ಓದುತ್ತಿದ್ದಳು. ಒಂದು ಪತ್ರಿಕೆ ಬಿಟ್ಟು ಎಲ್ಲದರಲ್ಲೂ ಪಾಸಾಗಿದ್ದಳು. ಅದೊಂದರಲ್ಲಿ ಎರಡು ಸಲ ಫೇಲು. ಜೊತೆಯವರೆಲ್ಲ ಮುಗಿಸಿ ಹೊರಟುಹೋಗಿದ್ದರು, ಪಾಠ ಹೇಳುವ ಮೇಷ್ಟ್ರು ರಜೆಯ ಮೇಲಿದ್ದರು. ಉಳಿದದ್ದು ದಖ್ಖನ್ನಿನ ಇತಿಹಾಸ ಎಂಬ ಒಂದು ದಪ್ಪ ಪುಸ್ತಕ. ಅದನ್ನು ಅವಳು ಮುಟ್ಟಬಲ್ಲಳು, ಓದಲಾರಳು. ಸ್ವಯಂಸೇವಕರು ಅದನ್ನು ಗಟ್ಟಿಯಾಗಿ ಓದಿ ನನ್ನಲ್ಲಿ ತುಂಬಬೇಕು, ಅವಳು ಕೇಳಿ ಪರೀಕ್ಷೆ ಬರೆಯಬೇಕು. ಇದೇ ಯೋಜನೆ.

ಇದು ಅವಳಿಗೆ ಕೊನೆಯ ಅವಕಾಶ. ಪಾಸಾದರೆ ಅಂಧಮಕ್ಕಳ ಶಾಲೆಯೊಂದರಲ್ಲಿ ಟೀಚರ್ ಕೆಲಸ ಕಾದಿತ್ತು. ಇಲ್ಲವಾದರೆ ಹಾಸ್ಟೆಲ್ಲು ಬಿಟ್ಟು ಅಣ್ಣನ ಮನೆಗೆ ಹೋಗಬೇಕು. ಅಲ್ಲಿ ಅವಳಿಗೆ ಊಟಕ್ಕೆ ಕೊರತೆ ಇರಲಿಲ್ಲ, ಕೆಲಸಕ್ಕೆ ಕೊರತೆ. ಒಂದು ಮೂಲೆಯಲ್ಲಿ ಕೂರಿಸಿ ತಟ್ಟೆ ಮುಂದಿಡುತ್ತಿದ್ದರು.

ಓದು ಶುರುವಾಯಿತು. ಮೊದಲು ಬಂದವಳು ಬಿ.ಎಸ್ಸಿ.ಯ ಸುರೇಖಾ ಪತ್ತಾರ. ಗಂಟಲು ಸರಿಮಾಡಿಕೊಂಡು, ತನ್ನ ಹೆಸರು, ತರಗತಿ, ಘಟಕದ ಹೆಸರು ಎಲ್ಲ ಹೇಳಿ ಓದಿದಳು: "ಅಧ್ಯಾಯ ಒಂದು. ಭೌಗೋಳಿಕ ಹಿನ್ನೆಲೆ. ದಖ್ಖನ್ ಪ್ರಸ್ಥಭೂಮಿಯು ಭಾರತದ ಪುರಾತನ ಭೂಭಾಗಗಳಲ್ಲಿ ಒಂದಾಗಿದೆ. ಇದರ ಪಶ್ಚಿಮಕ್ಕೆ ಸಹ್ಯಾದ್ರಿ ಶ್ರೇಣಿಯಿದೆ." ಗಂಟೆಯಂಥ ದನಿ. ಕ್ಯಾಸೆಟ್ಟು ತುಂಬಿತು. ಹೂಲಿ ಸರ್ ಫೋಟೋ ತೆಗೆದರು.

ಮರುವಾರ ಇನ್ನೊಬ್ಬ ಹುಡುಗ ಬಂದ. ಪುಸ್ತಕ ತೆರೆದು ಕೇಳಿದ: "ಸರ, ಹಿಂದಿನವ್ರು ಎಲ್ಲೀ ಮಟಾ ಓದ್ಯಾರ್ರೀ?"

ಹೂಲಿ ಸರ್‌ಗೆ ಕುಲಸಚಿವರ ಮೀಟಿಂಗಿಗೆ ಹೊತ್ತಾಗಿತ್ತು. "ಅದನ್ನ ಆಮ್ಯಾಲ ನೋಡೂಣು. ನೀ ಒಂದನೇ ಪುಟದಿಂದ ಚಾಲೂ ಮಾಡು. ಶುರುನ ಚೊಲೋ ಆಗಬೇಕು" ಎಂದು ಹೊರಟೇಬಿಟ್ಟರು.

ಹುಡುಗ ಒಂದನೇ ಪುಟದಿಂದ ಓದಿದ. ಅವನ ನಂತರ ಬಂದವಳೂ ಒಂದನೇ ಪುಟ. ಅವಳ ನಂತರದವನೂ ಒಂದನೇ ಪುಟ. ಪ್ರತಿಯೊಬ್ಬರಿಗೂ ಹೊಸ ಕ್ಯಾಸೆಟ್ಟು, ಪ್ರತಿಯೊಬ್ಬರಿಗೂ ಒಂದು ಫೋಟೋ, ಪ್ರತಿಯೊಬ್ಬರೂ ಒಂದು ದಿನ ಮಾತ್ರ ಬಂದು ಹೋದವರು. ತನ್ನ ನಂತರ ಬರುವವರು ಮುಂದಿನದನ್ನು ಓದುತ್ತಾರೆ ಎಂದು ಪ್ರತಿಯೊಬ್ಬರೂ ಭಾವಿಸಿದ್ದರು. ಸಹ್ಯಾದ್ರಿ, ಕೃಷ್ಣಾ, ತುಂಗಭದ್ರಾ, ಕಪ್ಪು ಮಣ್ಣು, ಕೆಂಪು ಮಣ್ಣು. ಮಳೆಯ ಪ್ರಮಾಣಕ್ಕೆ ಬರುವಷ್ಟರಲ್ಲಿ ಕ್ಯಾಸೆಟ್ಟು ಮುಗಿಯುತ್ತಿತ್ತು. ಇತಿಹಾಸದಲ್ಲಿ ಒಬ್ಬ ರಾಜನೂ ಹುಟ್ಟಲಿಲ್ಲ.

ಇದೆಲ್ಲ ಗೊತ್ತಿದ್ದದ್ದು ನನಗೊಬ್ಬನಿಗೆ. ಒಳಗೊಳಗೇ ತಲೆ ಚಚ್ಚಿಕೊಂಡೆ. ಅರೆ, ಒಂದಾದ ಮೇಲೆ ಎರಡಲ್ಲವೇ ಎಂದು ಕೂಗಬೇಕೆನಿಸುತ್ತಿತ್ತು. ಯಾರಾದರೂ ಹಳೆಯ ಕ್ಯಾಸೆಟ್ಟೊಂದನ್ನು ನನ್ನ ಹೊಟ್ಟೆಗೆ ಹಾಕಿ ಗುಂಡಿ ಒತ್ತಿದ್ದರೆ ಸಾಕಿತ್ತು. ಯಾರೂ ಒತ್ತಲಿಲ್ಲ.

ಆಗಾಗ ನೀಲಗಂಗಾ ಕೋಲು ಬಡಿಯುತ್ತ ಕಚೇರಿಗೆ ಬರುತ್ತಿದ್ದಳು. "ಸರ, ಆದಷ್ಟು ಕ್ಯಾಸೆಟ್ ಕೊಡ್ರಲಾ, ಕೇಳಾಕ ಹತ್ತತೇನಿ."

"ತಂಗಿ, ಲೋಕಾರ್ಪಣೆ ಆಗಲಿ ತಡಿ. ಕುಲಪತಿಗಳ ಕೈಯಿಂದ ಕೊಡಸ್ತೇನಿ. ಅದಕ್ಕೂ ಮೊದಲ ಕೊಟ್ರ ಚೊಲೋ ಕಾಣೂದಿಲ್ಲ."

ಕುಲಪತಿಗಳಿಗೆ ಬಿಡುವಿರಲಿಲ್ಲ. ಸಮಾರಂಭ ಮುಂದಕ್ಕೆ ಹೋಯಿತು, ಮತ್ತೆ ಮುಂದಕ್ಕೆ ಹೋಯಿತು. ಕೊನೆಗೆ ಪರೀಕ್ಷೆಗೆ ಮೂರು ವಾರ ಉಳಿದಿದ್ದಾಗ ಸಭಾಭವನದಲ್ಲಿ ದೀಪ ಹಚ್ಚಿದರು. ಕ್ಯಾಸೆಟ್ಟುಗಳಿಗೆ ಬಣ್ಣದ ಕಾಗದ ಸುತ್ತಿ ರಿಬ್ಬನ್ ಕಟ್ಟಿದ್ದರು. ನನಗೂ ಒಂದು ಚೆಂಡುಹೂವಿನ ಮಾಲೆ. ಕುಲಪತಿಗಳು ಆ ಗಂಟನ್ನೂ ನನ್ನನ್ನೂ ನೀಲಗಂಗೆಯ ಕೈಗೆ ಕೊಟ್ಟರು. ಅವಳು ನನ್ನನ್ನು ಎದೆಗೆ ಒತ್ತಿ ಹಿಡಿದಳು. ಅವಳ ಎದೆ ಎಷ್ಟು ಜೋರಾಗಿ ಬಡಿಯುತ್ತಿತ್ತೆಂದರೆ ನನ್ನ ಜಾಲರಿ ನಡುಗಿತು. ಅವಳ ಆ ಸಂತೋಷವನ್ನು ತಡೆದುಕೊಳ್ಳುವುದು ನನ್ನಿಂದಾಗಲಿಲ್ಲ.

ಹಾಸ್ಟೆಲ್ ಕೋಣೆಗೆ ಹೋದವಳೇ ಬಾಗಿಲು ಹಾಕಿಕೊಂಡು ಕಾಗದ ಹರಿದು ಮೊದಲ ಕ್ಯಾಸೆಟ್ಟು ಹಾಕಿದಳು. ಭೌಗೋಳಿಕ ಹಿನ್ನೆಲೆ. ಕೊನೆಯವರೆಗೆ ತದೇಕಚಿತ್ತದಿಂದ ಕೇಳಿದಳು. ಎರಡನೆಯದನ್ನು ಹಾಕಿದಳು. ಭೌಗೋಳಿಕ ಹಿನ್ನೆಲೆ. ತಪ್ಪಿ ಅದನ್ನೇ ಹಾಕಿದೆನೇನೋ ಎಂದು ತೆಗೆದು ಬೆರಳಿನಿಂದ ಸವರಿ ನೋಡಿದಳು. ಮೂರನೆಯದು. ನಾಲ್ಕನೆಯದು. ಆಮೇಲೆ ಮೊದಲ ಸಾಲು ಕೇಳಿದೊಡನೆ ನಿಲ್ಲಿಸಿ ಮುಂದಿನದಕ್ಕೆ ಹೋಗತೊಡಗಿದಳು. ಗಂಡು ದನಿ, ಹೆಣ್ಣು ದನಿ, ನೆಗಡಿಯಾದ ದನಿ, ಎಲ್ಲರ ಬಾಯಲ್ಲೂ ಸಹ್ಯಾದ್ರಿ. ಹಾಸಿಗೆಯ ಮೇಲೆ ಇನ್ನು ಕ್ಯಾಸೆಟ್ಟು ಸಿಗದಾದಾಗ ನೆಲವನ್ನೆಲ್ಲ ತಡಕಾಡಿದಳು. ಮಂಚದ ಕೆಳಗೂ ಕೈ ಹಾಕಿದಳು. ಆಮೇಲೆ ನನ್ನ ಮೇಲೆ ತಲೆಯಿಟ್ಟು ಅತ್ತಳು.

ಮರುದಿನ ಅವಳು ನನ್ನನ್ನು ಹೂಲಿ ಸರ್ ಮೇಜಿನ ಮೇಲಿಟ್ಟು ಒಂದರ ಹಿಂದೆ ಒಂದು ಕ್ಯಾಸೆಟ್ಟು ಹಚ್ಚಿದಳು. ಮೊದಮೊದಲು ಅವರು, "ಅಡ್ಡಿ ಇಲ್ಲ, ಚೊಲೋ ಓದ್ಯಾರ" ಎನ್ನುತ್ತಿದ್ದರು. ಬರಬರುತ್ತ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಸರ, ನನಗ ಎರಡನೇ ಅಧ್ಯಾಯದಿಂದ ಬೇಕ್ರಿ" ಎಂದಳು ನೀಲಗಂಗಾ. "ಸಿಟ್ಟಿಗೆದ್ದು ಹೇಳಾಕ ಹತ್ತಿಲ್ರಿ. ಕಾಲು ಬೀಳ್ತೇನಿ."

"ಹಂಗ ಅನಬ್ಯಾಡ ತಂಗಿ. ತಪ್ಪ ಆತು. ನಾನು ಕೇಳಿ ನೋಡಬೇಕಾಗಿತ್ತು" ಎಂದರು. ಆದರೆ ಸ್ವಯಂಸೇವಕರೆಲ್ಲ ಹಳ್ಳಿಯ ಶಿಬಿರಕ್ಕೆ ಹೋಗಿದ್ದರು. ಅದು ಮುಗಿದೊಡನೆ ಅವರವರ ಪರೀಕ್ಷೆಯ ರಜೆ. ಹೂಲಿ ಸರ್ ಶಿಬಿರಕ್ಕೆ ಹೇಳಿಕಳಿಸಿದರು. ಬಂದವಳು ಸುರೇಖಾ ಒಬ್ಬಳೇ.

ಸುರೇಖಾ ಕೈಗೆ ಮೆತ್ತಿದ ಕೆಸರನ್ನೂ ತೊಳೆಯದೆ ಬಂದಿದ್ದಳು. "ಅಕ್ಕಾ, ನಾ ಓದಿದ ಮ್ಯಾಲ ಉಳಿದವ್ರು ಮುಂದಿಂದು ಓದಿರ್ತಾರ ಅನ್ಕೊಂಡಿದ್ದೆ" ಎಂದಳು. ಗ್ರಂಥಾಲಯದ ಹಿಂದಿನ ಬೇವಿನ ಮರದ ಕೆಳಗೆ ಕೂತು ಎರಡನೇ ಅಧ್ಯಾಯ ಶುರು ಮಾಡಿದಳು. ಹಳೆಯ ಭೌಗೋಳಿಕ ಹಿನ್ನೆಲೆಗಳನ್ನು ಅಳಿಸಿ ಅವುಗಳ ಮೇಲೆ ರಾಜರನ್ನು ತುಂಬಿಕೊಂಡೆ. ಆ ಮಧ್ಯಾಹ್ನಗಳೇ ನನ್ನ ಬಾಳಿನ ಸುಖ. ನೀಲಗಂಗಾ ಮೊಣಕಾಲು ತಬ್ಬಿ ಕೂತು ಪ್ರತಿ ಸಾಲನ್ನೂ ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದಳು. ಯುದ್ಧ ಬಂದರೆ, "ಗೆದ್ದವ್ರು ಯಾರು, ಲಗೂನ ಓದವಾ" ಎನ್ನುತ್ತಿದ್ದಳು. ಸುರೇಖಾ ನಗುತ್ತಿದ್ದಳು.

ನಾಲ್ಕನೇ ಅಧ್ಯಾಯ ಮುಗಿದ ಮರುದಿನ ಸುರೇಖಾ ಬರಲಿಲ್ಲ. ಓದಿ ಓದಿ ಗಂಟಲು ಕಟ್ಟಿ, ಜ್ವರ ಬಂದು, ಅವಳ ಅಪ್ಪ ಬಂದು ಊರಿಗೆ ಕರೆದುಕೊಂಡು ಹೋಗಿದ್ದರು. ಹೂಲಿ ಸರ್ ಒಂದು ಸಂಜೆ ತಾವೇ ಬಂದು ಕೆಲವು ಪುಟ ಓದಿದರು. ಮರುದಿನದಿಂದ ಅವರನ್ನು ಪರೀಕ್ಷಾ ಕೆಲಸಕ್ಕೆ ಬೇರೆ ಊರಿಗೆ ಹಾಕಿದರು. ಪುಸ್ತಕದಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು.

ನಂತರದ ದಿನಗಳಲ್ಲಿ ನೀಲಗಂಗಾ ಒಂದು ಕೈಯಲ್ಲಿ ನನ್ನನ್ನೂ ಇನ್ನೊಂದು ಕೈಯಲ್ಲಿ ಪುಸ್ತಕವನ್ನೂ ಹಿಡಿದು ಗ್ರಂಥಾಲಯದ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಹೆಜ್ಜೆಯ ಸದ್ದು ಬಂದ ಕಡೆ ಮುಖ ತಿರುಗಿಸಿ ಕೇಳುತ್ತಿದ್ದಳು: "ಯಾರ್ರೀ ಅದು? ಒಂದು ಪುಟ ಓದಿ ಹೋಗ್ರಿ."

ಕೆಲವರು ನಿಂತು ಒಂದು ಪುಟ ಓದಿದರು. ಕೆಲವರು, "ಬಂದೆ ಅಕ್ಕಾ, ಚಾ ಕುಡದು ಬಂದೆ" ಎಂದು ಹೋದರು. ಅವಳು ಆ ಚಹಾ ಮುಗಿಯುವುದನ್ನು ಸಂಜೆಯವರೆಗೆ ಕಾದಳು. ಬರಿಯ ಸದ್ದನ್ನು ಹೆಜ್ಜೆಯೆಂದು ತಿಳಿದು ಮಾತಾಡಿಸುವವಳಲ್ಲ ಅವಳು, ಆದರೆ ಕಿವಿಯೂ ದಣಿಯುತ್ತದೆ. ಕಡೆಕಡೆಗೆ ಗಾಳಿಗೆ ಎಲೆ ಸರಿದರೂ, "ಒಂದು ಪುಟ ಓದ್ರಿ" ಎನ್ನತೊಡಗಿದಳು. ನನಗೂ ಅಕ್ಷರ ಬಾರದು. ಓದಲಾರದವಳ ಮಡಿಲಲ್ಲಿ ಓದಲಾರದ ನಾನು ಕೂತಿದ್ದೆ.

ಪರೀಕ್ಷೆಯ ದಿನ ಅವಳು ಹೇಳಿದ್ದನ್ನು ಬರೆಯಲು ಸ್ವಯಂಸೇವಕ ಹುಡುಗನೊಬ್ಬ ಹೊತ್ತಿಗೆ ಮುಂಚೆಯೇ ಬಂದ. ಒಳ್ಳೆಯ ಅಕ್ಷರವಂತೆ ಅವನದು. ನನ್ನನ್ನು ಬಾಗಿಲ ಹೊರಗೆ ಚೀಲದಲ್ಲಿ ಇಟ್ಟರು. ಒಳಗಿನಿಂದ ಅವಳ ದನಿ ಕೇಳುತ್ತಿತ್ತು. ಮೊದಲು ಧಾರಾಳವಾಗಿ ಹೇಳಿದಳು. ಆಮೇಲೆ ತಡೆತಡೆದು. ಆಮೇಲೆ ಹುಡುಗ ಮುಂದಿನ ಪ್ರಶ್ನೆ ಓದಿದಾಗಲೆಲ್ಲ, "ಅದು ಬಿಡ್ರಿ, ಮುಂದಿಂದು ಓದ್ರಿ" ಎಂದಳು. ಪ್ರಶ್ನೆಗಳು ಮುಗಿದವು. ಇನ್ನೂ ಹೊತ್ತಿತ್ತು. ಭೌಗೋಳಿಕ ಹಿನ್ನೆಲೆಯ ಮೇಲೆ ಒಂದು ಪ್ರಶ್ನೆಯೂ ಬಂದಿರಲಿಲ್ಲ.

ಫಲಿತಾಂಶ ಬಂದ ಮೇಲೆ ಅಣ್ಣ ಬಂದ. ಅವನು ಕೆಳಗೆ ಟ್ರಂಕು ಇಳಿಸುತ್ತಿದ್ದಾಗ ನೀಲಗಂಗಾ ಬಾಗಿಲು ಮುಚ್ಚಿ, ನನ್ನ ಕೆಂಪು ಗುಂಡಿ ಒತ್ತಿ ಸ್ವಲ್ಪ ಹೊತ್ತು ಮಾತಾಡಿದಳು. ಏನು ಎಂಬುದನ್ನು ಕೊನೆಗೆ ಹೇಳುತ್ತೇನೆ. ನಂತರ ನನ್ನನ್ನು ಸೇವಾ ಘಟಕಕ್ಕೆ ಒಪ್ಪಿಸಿ ಹೂಲಿ ಸರ್‌ಗೆ, "ಸರ, ಒಳಗೊಂದು ಕ್ಯಾಸೆಟ್ ಐತಿ. ಹೊಸಾ ಮಕ್ಕಳು ಬಂದಾಗ ಮೊದಲ ಇದನ್ನ ಹಚ್ರಿ" ಎಂದಳು.

"ಹಚ್ತೇನಿ ತಂಗಿ" ಎಂದರು ಅವರು. ಅವಳ ಮುಖ ನೋಡಲಾಗದೆ ಕಿಟಕಿಯತ್ತ ತಿರುಗಿದ್ದರು. ಹಚ್ಚುತ್ತಿದ್ದರೋ ಏನೋ. ಹೊಸ ತಂಡ ಬರುವ ಮೊದಲೇ ಘಟಕದ ಹೊಣೆ ಬೇರೆಯವರಿಗೆ ಹೋಯಿತು. ನಾನು ಕಪಾಟಿಗೆ ಹೋದೆ. ಅವಳಿಗೆ ಅಣ್ಣನ ಮನೆಯ ಮೂಲೆ, ನನಗೆ ಕಪಾಟಿನ ಮೂಲೆ. ಅವಳ ಮಾತು ನನ್ನ ಹೊಟ್ಟೆಯಲ್ಲೇ ಉಳಿಯಿತು.

ವರ್ಷಗಳು ಹೋದವು. ಗುದ್ದಲಿ, ಬ್ಯಾನರು, ಹಳೆಯ ಬಕೆಟ್ಟುಗಳ ನಡುವೆ ಧೂಳು ತಿನ್ನುತ್ತ ಕೂತೆ. ಕ್ಯಾಸೆಟ್ಟಿನ ಕಾಲ ಮುಗಿದು ಮೊಬೈಲಿನ ಕಾಲ ಬಂತು. ಒಂದು ದಿನ ಕಪಾಟಿನಾಚೆ ಗಡಿಬಿಡಿ ಕೇಳಿಸಿತು. ಕಣ್ಣಿಲ್ಲದ ಹುಡುಗನೊಬ್ಬ ಸೇರಿದ್ದಾನಂತೆ, ಅವನಿಗಾಗಿ ಮೊಬೈಲಿನಲ್ಲಿ ಪುಸ್ತಕ ಓದುತ್ತಾರಂತೆ. ನನ್ನ ಧೂಳು ಹಿಡಿದ ಮೈಯೆಲ್ಲ ಕಿವಿಯಾಯಿತು. ಒಂದು ಎಳೆಯ ದನಿ ಗಂಟಲು ಸರಿಮಾಡಿಕೊಂಡಿತು. ತನ್ನ ಹೆಸರು, ತರಗತಿ, ಘಟಕದ ಹೆಸರು ಹೇಳಿತು. ಆಮೇಲೆ, "ಅಧ್ಯಾಯ ಒಂದು" ಎಂದಿತು. ಮರುದಿನ ಇನ್ನೊಂದು ದನಿ ಬಂದು ಅದನ್ನೇ ಹೇಳಿತು.

ನಾನು ಕಪಾಟಿನೊಳಗೆ ಸತ್ತುಹೋಗಬಾರದೇ ಎಂದುಕೊಂಡೆ. ಸಾಯುವುದೂ ನನ್ನ ಕೈಯಲ್ಲಿಲ್ಲ.

ಆಮೇಲೊಮ್ಮೆ ಸ್ವಚ್ಛತಾ ಶ್ರಮದಾನ ಬಂತು. ಹುಡುಗಿಯೊಬ್ಬಳು ಕಪಾಟು ತೆಗೆದು ನನ್ನನ್ನು ಎತ್ತಿದಳು, ಸೆರಗಿನಿಂದ ಧೂಳು ಒರೆಸಿದಳು. "ಎಷ್ಟ್ ಚಂದ ಐತಿ ನೋಡ ಇದು" ಎಂದು ಗುಂಡಿ ಒತ್ತಿದಳು. ಇಷ್ಟು ವರ್ಷಗಳ ನಂತರ ಒಂದು ಬೆರಳು. ಒತ್ತು ತಾಯಿ, ಇನ್ನೊಮ್ಮೆ ಒತ್ತು ಎಂದು ಜೀವವೆಲ್ಲ ಒಟ್ಟುಮಾಡಿದೆ. ಅವಳು ಇನ್ನೊಮ್ಮೆಯೂ ಒತ್ತಿದಳು. ನನ್ನ ಸೆಲ್ಲುಗಳು ಎಂದೋ ಕೊಳೆತು ಹೋಗಿದ್ದವು.

"ಕೆಟ್ಟೈತಿ" ಎಂದು ನನ್ನನ್ನು ಚೀಲಕ್ಕೆ ಹಾಕಿದಳು. ಕೆಟ್ಟಿಲ್ಲವ್ವಾ, ಹಸಿದಿದ್ದೇನೆ ಎಂದು ನಾನು ಯಾರಿಗೆ ಹೇಳಲಿ?

ಈಗ ಗುಜರಿ ಅಂಗಡಿಯಲ್ಲಿದ್ದೇನೆ. ಮೇಲೊಂದು ಕೆಟ್ಟ ಮಿಕ್ಸರು, ಕೆಳಗೊಂದು ಸೈಕಲ್ ಚಕ್ರ. ನಾಳೆಯೋ ನಾಡಿದ್ದೋ ಸುತ್ತಿಗೆ ಬೀಳುತ್ತದೆ. ಓದಿದವರನ್ನು ನಾನು ಬೈಯುವುದಿಲ್ಲ. ಬಂದರಲ್ಲ, ಅಷ್ಟಾದರೂ ಬಂದರು. ಅವಳೂ ಬೈದಿರಲಿಲ್ಲ. ಗುಂಡಿ ಒತ್ತುವವರು ಇನ್ನು ಬರಲಾರರು, ಅದಕ್ಕೇ ಅವಳು ಅಂದು ಹೇಳಿದ್ದನ್ನು ನಿಮಗೇ ಹೇಳಿಬಿಡುತ್ತೇನೆ. ನೀವೂ ಎಂದಾದರೂ ಯಾರಿಗೋ ನೆರವಾಗಲು ಹೋಗುವವರೇ ಅಲ್ಲವೇ?

"ನಾನು ನೀಲಗಂಗಾ. ಇವತ್ತ ಊರಿಗೆ ಹೊಂಟೇನಿ. ನನ್ನ ಸಲುವಾಗಿ ಓದಿದ ಎಲ್ಲಾರಿಗೂ ಶರಣು. ನನ್ನ ಹಿಂದ ನನ್ನಂಥಾ ಮತ್ತೊಬ್ರು ಬರ್ತಾರ. ಎಲ್ಲೀ ಮಟಾ ಆಗೇತಿ ಅಂತ ಅವರನ್ನ ಕೇಳ್ರಿ. ನನ್ನ ಯಾರೂ ಕೇಳಲಿಲ್ಲ. ಒಂದನೇ ಅಧ್ಯಾಯ ಯಾರರೆ ಓದೇ ಇರ್ತಾರ. ನೀವು ಎರಡನೇದ್ರಿಂದ ಓದ್ರಿ."